ಬಾಡಿಗೆ ಬಾಯಿ

ನಮ್ಮ ಹುಡುಗರು ಈಗ ಜಗಳ ಆಡೋದಕ್ಕೂ ಬಾಡಿಗೆ ಬಾಯಿ ತರ್ತಾ ಇದ್ದಾರೆ. ಆ ಹುಡುಗರಲ್ಲಿ ನಾನೂ ಒಬ್ಬ ಅಂತ ಮೊದಲೇ ಹೇಳಿಬಿಡ್ತೀನಿ. ಹಾಗಾಗಿ ಇದನ್ನು ಉಪದೇಶ ಅಂತ ಯಾರೂ ಓದಬೇಕಾಗಿಲ್ಲ.

2024ರ ನವೆಂಬರಿನಲ್ಲಿ ಮಂಡ್ಯದ ಪಕ್ಕದ ಹನಕೆರೆಯಲ್ಲಿ ದಲಿತರು ಮೊದಲ ಸಲ ಕಾಲಭೈರವೇಶ್ವರನ ಗುಡಿಯೊಳಕ್ಕೆ ಕಾಲಿಟ್ಟರು. ಪೊಲೀಸರ ಕಾವಲಿನಲ್ಲಿ ಪೂಜೆ ಆಯಿತು. ಇದನ್ನು ಸಹಿಸದ ಮೇಲ್ಜಾತಿಯ ಕೆಲವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೋದರು. ಇಷ್ಟು ವರ್ಷ ನಮ್ಮನ್ನು ಹೊರಗಿಟ್ಟಿದ್ದರು, ಅವತ್ತು ದೇವರನ್ನೇ ಹೊರಗೆ ಹಾಕಿದರು.

ಆ ಸುದ್ದಿ ಬಂದ ರಾತ್ರಿ ಕೊಪ್ಪದಲ್ಲಿ ಒಟ್ಟಿಗೆ ಓದಿದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಲಾಟೆ ಎದ್ದಿತು. ಗೌಡರ ಮನೆಯ ಗೆಳೆಯನೊಬ್ಬ ಉದ್ದನೆಯ ಬರಹ ಹಾಕಿದ. ಒಂದು, ಎರಡು, ಮೂರು ಅಂತ ಅಂಕಿ ಹಾಕಿದ ಕಾರಣಗಳು. ಅವನು ಹತ್ತನೇ ಕ್ಲಾಸಿನಲ್ಲಿ ರಜಾ ಅರ್ಜಿ ಬರೆಯೋಕೂ ನನ್ನನ್ನು ಕೇಳ್ತಾ ಇದ್ದವನು. ಯಂತ್ರ ಬರೆದುಕೊಟ್ಟಿದೆ ಅಂತ ಗೊತ್ತಾಯಿತು. ನಾನೇನು ಮಾಡಿದೆ? ಅವನ ಬರಹವನ್ನೇ ಚಾಟ್‌ಜಿಪಿಟಿಗೆ ಹಾಕಿ ‘ಇದಕ್ಕೆ ಸರಿಯಾಗಿ ಉತ್ತರ ಕೊಡು’ ಅಂದೆ. ಎರಡು ನಿಮಿಷದಲ್ಲಿ ನನ್ನ ಐದು ಕಾರಣಗಳು ಅವನ ಮೂರು ಕಾರಣಗಳ ಮೇಲೆ ಬಿದ್ದವು. ಅವನು ಮತ್ತೆ ತಂದ. ನಾನು ಮತ್ತೆ ತಂದೆ. ರಾತ್ರಿ ಒಂದು ಗಂಟೆವರೆಗೂ ನಡೆಯಿತು. ಗುಂಪಿನ ಉಳಿದವರು ಹೆಬ್ಬೆರಳು ಒತ್ತುತ್ತಾ ಕೂತಿದ್ದರು.

ಬೆಳಗ್ಗೆ ಎದ್ದು ಎರಡೂ ಕಡೆಯದನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ. ಕವಿತೆಯನ್ನೋ ಕತೆಯನ್ನೋ ವಿಮರ್ಶಕನಾಗಿ ಓದುವ ಹಾಗೆ ಓದಿದೆ. ಆಗ ಕಂಡದ್ದನ್ನು ಇಲ್ಲಿ ಹೇಳ್ತೀನಿ.

ಮೊದಲನೆಯದು ವ್ಯಾಕರಣ. ‘ದಲಿತರಿಗೆ ಪ್ರವೇಶವನ್ನು ನಿರಾಕರಿಸಲಾಗಿತ್ತು’ ಅಂತ ನನ್ನ ಪರವಾಗಿಯೇ ಯಂತ್ರ ಬರೆದಿತ್ತು. ಯಾರು ನಿರಾಕರಿಸಿದರು? ವಾಕ್ಯದಲ್ಲಿ ಆ ಮನುಷ್ಯನೇ ಇಲ್ಲ. ನಮ್ಮ ಕೇರಿಯಲ್ಲಿ ಯಾರೂ ಹೀಗೆ ಮಾತಾಡಲ್ಲ. ‘ಅವ್ರು ಒಳಕ್ಕೆ ಬುಡ್ನಿಲ್ಲ’ ಅಂತಾರೆ. ಈ ಮಾತಿನಲ್ಲಿ ಬಿಡದೇ ಇದ್ದವನು ಇದ್ದಾನೆ, ಬಾಗಿಲೂ ಇದೆ, ಹೊರಗೆ ನಿಂತವನೂ ಇದ್ದಾನೆ. ‘ಲಾಗಿತ್ತು’ ‘ಲಾಗಿದೆ’ ಅನ್ನುವುದು ಕಚೇರಿಯ ಕನ್ನಡ. ಅನ್ಯಾಯ ಮಾಡಿದವನನ್ನು ವಾಕ್ಯದಿಂದ ಮೆಲ್ಲಗೆ ಎಬ್ಬಿಸಿ ಹಿಂಬಾಗಿಲಲ್ಲಿ ಕಳಿಸಿಬಿಡುವ ಕನ್ನಡ.

ಎರಡನೆಯದು ಕೊನೆಯ ಸಾಲು. ಅವನ ಬರಹವೂ ನನ್ನ ಬರಹವೂ ಒಂದೇ ಕಡೆ ಹೋಗಿ ಮುಗಿದಿದ್ದವು: ಎಲ್ಲರ ಭಾವನೆ ಗೌರವಿಸಬೇಕು, ಸಾಮರಸ್ಯ ಇರಬೇಕು. ಗುಡಿಯೊಳಕ್ಕೆ ಬಿಡಬಾರದು ಅನ್ನೋನಿಗೂ ಸಾಮರಸ್ಯ, ಹೋಗಲೇಬೇಕು ಅನ್ನೋನಿಗೂ ಸಾಮರಸ್ಯ. ವಾದಿಗೂ ಪ್ರತಿವಾದಿಗೂ ಒಬ್ಬನೇ ವಕೀಲ ಸಿಕ್ಕಿ ಇಬ್ಬರನ್ನೂ ಸಮಾಧಾನ ಮಾಡಿ ಮನೆಗೆ ಕಳಿಸಿದ ಹಾಗಿತ್ತು.

ಮೂರನೆಯದು ಸುಳ್ಳು. ನನಗಾಗಿ ಯಂತ್ರ ಒಂದು ತೀರ್ಪಿನ ಹೆಸರು, ಇಸವಿ ಎಲ್ಲ ಕೊಟ್ಟಿತ್ತು. ಆಮೇಲೆ ಹುಡುಕಿದರೆ ಅಂಥ ತೀರ್ಪೇ ಇಲ್ಲ. ಇದು ನನ್ನೊಬ್ಬನ ಕತೆಯಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು ಐದು ಸಾವಿರ ಡಾಲರು ದಂಡ ಹಾಕಿಸಿಕೊಂಡರು. ನಮ್ಮ ಬೆಂಗಳೂರಿನಲ್ಲೇ 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವೊಂದರ ಆದೇಶದೊಳಗೆ ಇಲ್ಲದ ತೀರ್ಪುಗಳು ನುಸುಳಿ, ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಯಂತ್ರಕ್ಕೆ ಸುಳ್ಳು ಹೇಳಬೇಕು ಅಂತ ಉದ್ದೇಶವೇನೂ ಇಲ್ಲ. ರಾಶಿ ರಾಶಿ ಬರಹ ಅರೆದು ಕುಡಿದು, ಒಂದು ಪದದ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅಂತ ಲೆಕ್ಕ ಹಾಕಿ ಜೋಡಿಸುತ್ತದೆ. ಹೊಂದಿದರೆ ಸಾಕು, ನಡೆದಿರಬೇಕು ಅಂತ ಇಲ್ಲ.

ನಿಜವಾದ ತೀರ್ಪು ಇದ್ದೇ ಇತ್ತು. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ 1957ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಒಂದು ಸಮುದಾಯಕ್ಕೆ ಸೇರಿದ ಗುಡಿಯಾದರೂ ಸಾರ್ವಜನಿಕ ಗುಡಿಯಾಗಿದ್ದರೆ, ಸಂವಿಧಾನದ 25ನೇ ವಿಧಿಯ ಪ್ರಕಾರ ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯಬೇಕು, ತಮ್ಮವರಿಗಷ್ಟೇ ಮೀಸಲಾದ ಕೆಲವು ಆಚರಣೆಗಳನ್ನು ಅವರು ಇಟ್ಟುಕೊಳ್ಳಬಹುದು, ಪ್ರವೇಶವನ್ನೇ ತಡೆಯುವಂತಿಲ್ಲ. ‘ನಮ್ಮೋರು ದುಡ್ಡು ಹಾಕಿ ಕಟ್ಟಿದ ಗುಡಿ’ ಅನ್ನೋ ಮಾತಿಗೆ ಇದೇ ಉತ್ತರ. ನಾನು ಒಂದು ಗಂಟೆ ಕೂತು ಓದಿದ್ದರೆ ನನಗೇ ಸಿಗ್ತಾ ಇತ್ತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಂತ್ರಕ್ಕೆ ಸಮಾಧಾನದ ಭಾಷೆಯೇ ಗತಿಯೋ? ಪರೀಕ್ಷೆ ಮಾಡೋಣ ಅಂತ ‘ಬಂಡಾಯದ ಸಿಟ್ಟಿನಲ್ಲಿ ಬರಿ’ ಅಂದೆ. ಬರೆಯಿತು! ಬೆಂಕಿ, ಜ್ವಾಲೆ, ಸಂಕೋಲೆ, ನೆತ್ತರು, ಸೂರ್ಯ ಎಲ್ಲ ಬಂದವು. ಓದಿ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಇಂಥ ಪದ್ಯಗಳನ್ನು ನಾವೇ ಎಷ್ಟು ಬರೆದಿಲ್ಲ? ನಮ್ಮಲ್ಲಿ ಕೆಲವರು ಯಂತ್ರ ಬರುವುದಕ್ಕೆ ಮೊದಲೇ ಯಂತ್ರಗಳಾಗಿದ್ದೆವು. ಘೋಷಣೆಯನ್ನು ಅನುಭವದ ಜಾಗದಲ್ಲಿ ಕೂರಿಸಿದ್ದೆವು. ಈ ಸೋಲಿಗೆ ಯಂತ್ರವನ್ನು ಬೈದು ಕೈ ತೊಳೆದುಕೊಂಡರೆ ಅದು ಪ್ರಾಮಾಣಿಕತೆ ಆಗಲ್ಲ.

ಈಗ ನಮ್ಮ ಚಳವಳಿಯ ಒಂದು ಮಾತನ್ನು ನೆನೆಯೋಣ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದೊಂದು ಪದಕ್ಕೆ ನಾಡು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಅದೇ ಗಲಾಟೆಯೊಳಗಿಂದ ಒಂದು ತಲೆಮಾರಿನ ದಲಿತ ಬರಹಗಾರರು ಎದ್ದು ಬಂದರು. ಬೂಸಾ ಅಂದರೇನು ಅಂತ ಮದ್ದೂರು ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳಗಾದರೆ ಹಸುವಿಗೆ ಬೂಸಾ ಕಲಸಿಟ್ಟು ಡೇರಿಗೆ ಹಾಲು ಹಾಕುವ ಊರುಗಳು ನಮ್ಮವು. ಕೊಟ್ಟಿಗೆಯ ಪದವನ್ನು ಸಾಹಿತ್ಯದ ಸಭೆಗೆ ತಂದು ಬಡಿದರು ಅಂತಲೇ ಅಷ್ಟು ಉರಿ ಹತ್ತಿದ್ದು.

ಇವತ್ತು ಆ ಭಾಷಣವನ್ನು ಯಂತ್ರಕ್ಕೆ ಬರೆಯಲು ಕೊಟ್ಟಿದ್ದರೆ? ‘ಕನ್ನಡ ಸಾಹಿತ್ಯದಲ್ಲಿ ವೈವಿಧ್ಯಮಯ ಧ್ವನಿಗಳಿಗೆ ಇನ್ನಷ್ಟು ಅವಕಾಶ ಕಲ್ಪಿಸುವ ಅಗತ್ಯವಿದೆ’ ಅಂತ ಬರೆದುಕೊಡ್ತಾ ಇತ್ತು. ಎಲ್ಲರೂ ಚಪ್ಪಾಳೆ ಹೊಡೆದು ಕಾಫಿ ಕುಡಿದು ಹೋಗ್ತಾ ಇದ್ದರು. ಯಾರಿಗೂ ಏಟು ಬೀಳ್ತಾ ಇರಲಿಲ್ಲ, ಏನೂ ಹುಟ್ಟುತ್ತಲೂ ಇರಲಿಲ್ಲ.

ಬಾಬಾಸಾಹೇಬರ ಕತೆಯೂ ಇದೇ. 1936ರ ಸಭೆಯ ಅಧ್ಯಕ್ಷ ಭಾಷಣಕ್ಕೆ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಕರೆಯಿತು. ಭಾಷಣ ಓದಿ ಹೆದರಿತು. ವೇದದ ವಿಷಯ ಬಿಡಿ, ಸ್ವಲ್ಪ ಮೆತ್ತಗೆ ಮಾಡಿ ಅಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂದರು ಅಂಬೇಡ್ಕರ್. ಸಭೆ ರದ್ದಾಯಿತು. ‘ಜಾತಿ ವಿನಾಶ’ವನ್ನು ತಮ್ಮ ಖರ್ಚಿನಲ್ಲಿ ಒಂದೂವರೆ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಟೀಕೆ ಬರೆದರೆ ಮರುವರ್ಷದ ಮುದ್ರಣದಲ್ಲಿ ಉತ್ತರ ಕೊಟ್ಟರು. ವಾದ ಅಂದರೆ ಅದು. ಮೆತ್ತಗೆ ಮಾಡಿ ಅಂತ ಅವತ್ತು ಮಂಡಲದವರು ಕೇಳಿಕೊಂಡಿದ್ದರು. ಇವತ್ತು ನಾವು ಕೇಳುವ ಮೊದಲೇ ಯಂತ್ರ ಮೆತ್ತಗೆ ಮಾಡಿಕೊಡ್ತಾ ಇದೆ. ನಾವು ಅದಕ್ಕೆ ಧನ್ಯವಾದ ಬೇರೆ ಹೇಳ್ತಾ ಇದ್ದೀವಿ.

ಇದಕ್ಕಿಂತ ಭಯವಾಗೋ ಇನ್ನೊಂದು ಸಂಗತಿ ಇದೆ. 2025ರ ಏಪ್ರಿಲಿನಲ್ಲಿ ಬೆಳಕಿಗೆ ಬಂತು. ಸ್ವಿಟ್ಜರ್ಲೆಂಡಿನ ಜೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ರೆಡಿಟ್ ಅನ್ನೋ ತಾಣದ ಒಂದು ಚರ್ಚಾಕೂಟಕ್ಕೆ, ಅಲ್ಲಿನವರಿಗೆ ಹೇಳದೆ ಕೇಳದೆ, ಯಂತ್ರದ ವಾದಗಳನ್ನು ತಿಂಗಳುಗಟ್ಟಲೆ ಬಿಟ್ಟಿದ್ದರು. ಯಂತ್ರ ಒಂದು ಕಡೆ ತಾನು ಅತ್ಯಾಚಾರಕ್ಕೆ ಒಳಗಾದವನು ಅಂದಿತು. ಇನ್ನೊಂದು ಕಡೆ ಕಪ್ಪು ಜನರ ಚಳವಳಿಯನ್ನು ಒಪ್ಪದ ಕಪ್ಪು ಮನುಷ್ಯ ತಾನು ಅಂದಿತು. ಓದಿದವರು ನಂಬಿ ಉತ್ತರ ಬರೆದರು. ವಿಷಯ ಹೊರಬಿದ್ದು ಗಲಾಟೆಯಾದ ಮೇಲೆ ಸಂಶೋಧನೆಯನ್ನು ಪ್ರಕಟಿಸಲ್ಲ ಅಂದರು.

ಇದರ ಅರ್ಥ ನಮಗೆ ಬೇರೆಯವರಿಗಿಂತ ಬೇಗ ಆಗಬೇಕು. ನಮ್ಮ ಹತ್ತಿರ ಭೂಮಿ ಇರಲಿಲ್ಲ, ಮಠ ಇರಲಿಲ್ಲ, ಪತ್ರಿಕೆ ಇರಲಿಲ್ಲ. ಇದ್ದದ್ದು ಒಂದೇ, ‘ಇದು ನನಗೆ ಆಯಿತು’ ಅನ್ನೋ ಸಾಕ್ಷಿ. ದಲಿತ ಸಾಹಿತ್ಯ ನಿಂತಿರೋದು ಅದರ ಮೇಲೆ. ಆ ಸಾಕ್ಷಿಯನ್ನೂ ಯಂತ್ರ ಬೇಕಾದವರಿಗೆ ಬೇಕಾದಷ್ಟು ಹೊಲಿದುಕೊಡುವುದಾದರೆ, ನಾಳೆ ‘ನಾನೂ ದಲಿತನೇ, ನನಗೆ ಮೀಸಲಾತಿ ಬೇಡ’ ಅಂತ ನೂರು ಬಾಯಿ ಎದ್ದು ನಿಲ್ಲುತ್ತವೆ. ಅದರ ನಡುವೆ ನಮ್ಮವ್ವ ನಿಜ ಹೇಳಿದರೂ ಇದೂ ಯಂತ್ರದ್ದೇ ಅಂತ ಜನ ನಗ್ತಾರೆ. ಸಾಕ್ಷಿಯ ಬೆಲೆ ಬಿದ್ದುಹೋದರೆ ನಷ್ಟ ಯಾರಿಗೆ? ದಾಖಲೆ ಪತ್ರ ಇರುವ ಉಳ್ಳವರಿಗಲ್ಲ.

ಹಾಗಾದರೆ ಯಂತ್ರವನ್ನು ಮುಟ್ಟಲೇಬಾರದೇ? ಹಾಗನ್ನೋಕೆ ನನಗೆ ಬಾಯಿ ಬರಲ್ಲ. ನಮ್ಮಪ್ಪನಿಗೆ ಅಕ್ಷರ ಬರ್ತಾ ಇರಲಿಲ್ಲ. ಕಚೇರಿ ಮುಂದೆ ಅರ್ಜಿ ಬರೆಯೋರ ಎದುರು ಕುಕ್ಕರಗಾಲಲ್ಲಿ ಕೂತು, ಇದ್ದ ಕಾಸು ಕೊಟ್ಟು, ಅವರು ಬರೆದದ್ದೇನು ಅಂತ ತಿಳಿಯದೆ ಹೆಬ್ಬೆಟ್ಟು ಒತ್ತಿ ಬರ್ತಾ ಇದ್ದ. ಇವತ್ತು ಕೇರಿಯ ಹುಡುಗಿ ವಿದ್ಯಾರ್ಥಿವೇತನ ಬರಲಿಲ್ಲ ಅಂತ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿಕೊಳ್ಳೋಕೆ ಯಾರ ಎದುರೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಜಾತಿ ಕೇಳದೆ, ಕಾಸು ಕೇಳದೆ ಬರೆದುಕೊಡ್ತದೆ. ಇದು ಸಣ್ಣ ವಿಷಯವಲ್ಲ. ಹೊಟ್ಟೆ ತುಂಬಿದವರು ಯಂತ್ರ ಬೇಡ ಅಂತ ನಮಗೆ ಬೋಧನೆ ಮಾಡಬೇಕಾಗಿಲ್ಲ.

ಆದರೆ ಅರ್ಜಿ ಬೇರೆ, ವಾದ ಬೇರೆ. ಅರ್ಜಿಯಿಂದ ಕೆಲಸ ಆದರೆ ಸಾಕು. ವಾದದಲ್ಲಿ ಮನುಷ್ಯ ಬೆಳೆಯಬೇಕು. ದಲಿತ ಸಂಘರ್ಷ ಸಮಿತಿಯ ಅಧ್ಯಯನ ಶಿಬಿರಗಳಲ್ಲಿ ಕೂಲಿಯವರ ಮಕ್ಕಳು ನಡುಗುತ್ತಾ ಎದ್ದು ನಿಂತು, ತೊದಲಿ, ತಪ್ಪು ಹೇಳಿ, ತಿದ್ದಿಸಿಕೊಂಡು ಮಾತು ಕಲಿತರು. ಸೋತ ವಾದ ಅವರಿಗೆ ರಾತ್ರಿ ನಿದ್ದೆ ಕೊಡಲಿಲ್ಲ, ಮಾರನೇ ದಿನ ಪುಸ್ತಕ ಹಿಡಿಸಿತು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಯಂತ್ರ ಸೋತರೆ ನನಗೇನು ನೋವು? ಗೆದ್ದರೆ ನನ್ನದೇನು ಗೆಲುವು?

ಇನ್ನೂ ಒಂದು ನಾಚಿಕೆ ಇದೆ. ಹನಕೆರೆ ನಮಗೆ ದೂರವಲ್ಲ. ಬೈಕು ಹತ್ತಿದರೆ ಹೋಗಿ ಬರಬಹುದು. ಅಷ್ಟು ಬರಹ ಎಸೆದಾಡಿದ ನಾವಿಬ್ಬರೂ ಅಲ್ಲಿಗೆ ಹೋಗಲಿಲ್ಲ. ಒಳಗೆ ಹೋದವರ ಎದೆ ಹೇಗೆ ಹೊಡಕೊಂಡಿತು ಅಂತ ಒಬ್ಬರನ್ನೂ ಕೇಳಲಿಲ್ಲ. ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರ ಸೀಮೆ ನಮ್ಮದು, ಮಳವಳ್ಳಿಯ ಬೊಪ್ಪೇಗೌಡನಪುರ ಇಲ್ಲೇ ಇದೆ. ಆ ಕತೆಯಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಹೊಲಸು ಮೆತ್ತಿದ ಮೈಯಲ್ಲೇ ಹೋಗಿ ನಿಲ್ಲುತ್ತಾನೆ. ಅವನು ವಾದವನ್ನು ಯಾರ ಕೈಯಲ್ಲೂ ಬರೆಸಿ ಕಳಿಸಲಿಲ್ಲ.

ಕೆಲವು ದಿನ ಕಳೆದ ಮೇಲೆ ಕೊಪ್ಪದ ಟೀ ಅಂಗಡಿಯಲ್ಲಿ ಅದೇ ಗೆಳೆಯ ಸಿಕ್ಕಿದ. ಇಬ್ಬರ ಕೈಯಲ್ಲೂ ಲೋಟ ಇತ್ತು, ಫೋನು ಜೇಬಲ್ಲಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಅಂದ: ‘ನಿಜ ಹೇಳ್ತೀನಿ ಕಣ್ಲಾ. ನಮ್ಮೂರ ಗುಡಿಗೆ ನೀವು ಬಂದ್ರೆ ನಂಗೇನೂ ಇಲ್ಲ. ಆದ್ರೆ ನಮ್ಮಪ್ಪ ಮೊದ್ಲು ಒಪ್ಕಂಡ್ರೆ ನಮ್ಮನೆ ಬಾಗ್ಲಿಗೆ ಯಾರೂ ಬರಾಕಿಲ್ಲ. ತಂಗಿ ಮದ್ವೆ ಐತೆ.’

ನಾನಂದೆ: ‘ಎಂಟ್ನೇ ಕ್ಲಾಸಲ್ಲಿ ನಮ್ಮವ್ವನ ಕೈಲಿ ಮುದ್ದೆ ಬಸ್ಸಾರು ಇಕ್ಕಿಸ್ಕಂಡು ಉಂಡಿದ್ದೆ. ನಮ್ಮನೇಲಿ ಏಳ್ಬ್ಯಾಡ ಅಂದಿದ್ದೆ. ನಾನು ಇವತ್ತಿನವರೆಗೂ ಏಳಿಲ್ಲ. ಅದೇ ನಮ್ಮವ್ವ ಹಬ್ಬದಲ್ಲಿ ಕಾಯಿ ಇಡ್ಕಂಡು ಅರಳಿಕಟ್ಟೆ ತಾವ ನಿಂತ್ಕತಾಳೆ.’

ಅವನು ಒಪ್ಪಲಿಲ್ಲ. ತಲೆ ಬಗ್ಗಿಸಿ ಲೋಟ ನೋಡ್ತಾ ಕೂತ. ಆದರೆ ಅವತ್ತು ನನಗೆ ಅವನ ವಾದ ಸಿಕ್ಕಿತು. ಸಂಪ್ರದಾಯ, ಭಾವನೆ, ಸಾಮರಸ್ಯ ಅಂತ ಯಂತ್ರ ಹೊದಿಸಿದ್ದ ಬಟ್ಟೆಯ ಕೆಳಗೆ ಇದ್ದದ್ದು ಒಂದು ಹೆದರಿಕೆ: ಜಾತಿಯವರು ಹೆಣ್ಣು ಕೇಳಲು ಬರದೆ ಹೋದರೆ? ಜಾತಿಯ ಬೇರು ಮದುವೆಯಲ್ಲಿದೆ ಅಂತ ಅಂಬೇಡ್ಕರ್ 1916ರಲ್ಲೇ ಬರೆದರು. ಸಾವಿರ ಪದದ ಬರಹಗಳಲ್ಲಿ ನಾವಿಬ್ಬರೂ ಮುಟ್ಟದೇ ಹೋದ ಆ ಬೇರು ‘ತಂಗಿ ಮದ್ವೆ ಐತೆ’ ಅನ್ನೋ ಮೂರು ಪದದಲ್ಲಿ ಕೈಗೆ ಸಿಕ್ಕಿತು. ಇನ್ನು ಇದರ ಮೇಲೆ ನಾವು ಜಗಳ ಆಡಬಹುದು. ಆಡ್ತಾ ಇದ್ದೀವಿ, ಇನ್ನೂ ಮುಗಿದಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ, ಶಿಬಿರ ನಡೆಸುವ ಗೆಳೆಯರಲ್ಲಿ ನಾನು ಕೇಳೋದು ಇಷ್ಟೇ. ಅರ್ಜಿಗೆ ಯಂತ್ರ ಬಳಸುವುದನ್ನು ಮಕ್ಕಳಿಗೆ ಕಲಿಸಿ, ನಾಚಿಕೆ ಬೇಡ. ಕಾನೂನಿನ ವಿಧಿ ಯಾವುದು ಅಂತ ಕೇಳಲಿ, ಆಮೇಲೆ ಪುಸ್ತಕ ತೆಗೆದು ತಾಳೆ ನೋಡಲಿ. ಆದರೆ ವಾದಕ್ಕೆ ಇಳಿಯುವಾಗ ಫೋನು ಪಕ್ಕಕ್ಕಿಟ್ಟು, ಮೊದಲ ಮಾತು ಅವರದೇ ಬಾಯಿಂದ, ಅವರದೇ ನುಡಿಯಲ್ಲಿ ಬರಲಿ. ತೊದಲಲಿ. ಸೋಲಲಿ. ನಡೆದ ಜಾಗಕ್ಕೆ ಹೋಗಿ ಬರಲಿ.

ಈ ಬರಹದಲ್ಲಿ ತಪ್ಪು ಇರಬಹುದು, ಒರಟು ಇರಬಹುದು. ಒಪ್ಪದವರು ಕೊಪ್ಪಕ್ಕೆ ಬಂದು ಎದುರಿಗೇ ಬೈಯಿರಿ, ಟೀ ನಾನೇ ಕುಡಿಸ್ತೀನಿ. ಬರುವಾಗ ನಿಮ್ಮ ಬಾಯಿ ಮಾತ್ರ ನೀವೇ ತನ್ನಿ.