ಕಡೂರು ಸಂಪುಟದಲ್ಲಿ ಕಾಣದ ಅಕ್ಷರರೂಪಗಳು: ಲಿಪಿಮೂಲದ ವಾದಗಳನ್ನು ಕುರಿತು ಒಂದು ವಿಮರ್ಶೆ

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ 1901ರಲ್ಲಿ ಹೊರಬಂದಿತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಸಂಪುಟದ ಹೆಸರೂ ಅದೇ. ಅಜ್ಜಂಪುರ ಈಚೆಗಷ್ಟೇ ತಾಲ್ಲೂಕಾದುದರಿಂದ ಅಲ್ಲಿನ ಶಾಸನಗಳನ್ನು ತರೀಕೆರೆಯ ಸಂಖ್ಯೆಗಳಲ್ಲಿಯೇ ಹುಡುಕಬೇಕು. ಗಂಗ, ಹೊಯ್ಸಳ ಚರಿತ್ರೆಯನ್ನು ಬರೆದವರೆಲ್ಲರೂ ಈ ಸಂಪುಟಕ್ಕೆ ಋಣಿಗಳು. ಆದರೆ ಕನ್ನಡ ಲಿಪಿಯ ಉಗಮವಿಕಾಸಗಳನ್ನು ಹೇಳುವವರೂ ಇದನ್ನು ಅದೇ ವಿಶ್ವಾಸದಿಂದ ಆಧಾರವಾಗಿಸಿಕೊಳ್ಳುವುದಾದರೆ ನಾವು ಅದನ್ನು ಒಪ್ಪಲಾರೆವು. ರೈಸ್ ಶಾಸನಪಾಠವನ್ನು ರೋಮನ್ ಅಕ್ಷರಗಳಲ್ಲಿಯೂ ತಮ್ಮ ಕಾಲದ ಕನ್ನಡ ಅಚ್ಚುಮೊಳೆಗಳಲ್ಲಿಯೂ ಕೊಟ್ಟು, ಅನುವಾದವನ್ನು ಸೇರಿಸಿದರು. ಕೆಲವು ಛಾಯಾಪಟಗಳನ್ನು ಬಿಟ್ಟರೆ ಕಲ್ಲಿನ ಮೇಲಣ ರೂಪ ಅಲ್ಲಿಲ್ಲ. ಅಕ್ಷರ ಯಾವುದೆಂಬುದನ್ನು ಅಚ್ಚು ಹೇಳುತ್ತದೆ, ಹೇಗಿದೆಯೆಂಬುದನ್ನು ಹೇಳುವುದಿಲ್ಲ.

ಒಂದೇ ಸೀಮೆಯ ಎರಡು ಶಾಸನಗಳನ್ನು ತೆಗೆದುಕೊಳ್ಳೋಣ. ಕಡೂರಿನ ಕೋಟೆಯಲ್ಲಿ ದೊರೆತುದು ಗಂಗ ಬೂತುಗನ ಅಕ್ಕ ಪಾಂಬಬ್ಬೆಯದು. ತಲೆಗೂದಲನ್ನು ಕಿತ್ತು ದೀಕ್ಷೆ ಪಡೆದು, ಮೂವತ್ತು ವರ್ಷ ತಪಸ್ಸನ್ನಾಚರಿಸಿ, 971ರಲ್ಲಿ ಮುಡಿಪಿದ ಆಕೆಯ ಸ್ಮಾರಕವದು. ಇನ್ನೊಂದು ತರೀಕೆರೆಗೆ ಸಮೀಪದ ಅಮೃತಾಪುರದ್ದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇಗುಲದ ಆ ದೊಡ್ಡ ಶಾಸನದಲ್ಲಿ ಜನ್ನನ ಪದ್ಯಗಳಿವೆ. ನಡುವಣ ಅಂತರ ಸುಮಾರು ಇನ್ನೂರಿಪ್ಪತ್ತೈದು ವರ್ಷ. ಲಿಪಿಕಾರನ ಕೈ ಈ ಅವಧಿಯಲ್ಲಿ ಎಷ್ಟು ಬದಲಾಯಿತೆಂಬುದು ಶಾಸ್ತ್ರಕ್ಕೆ ಬೇಕಾದ ಪ್ರಶ್ನೆ. ಸಂಪುಟದ ಕನ್ನಡ ಪಾಠದಲ್ಲಾದರೋ ಎರಡೂ ಒಂದೇ ಮೊಳೆಯಲ್ಲಿ ಅಚ್ಚಾಗಿ ಸಮಕಾಲೀನವಾಗಿಬಿಟ್ಟಿವೆ. ಹಳೆಯ ಶಾಸನಗಳು ಎ ಏಗಳ, ಒ ಓಗಳ ಹ್ರಸ್ವದೀರ್ಘಗಳನ್ನು ಸಾಮಾನ್ಯವಾಗಿ ಬೇರ್ಪಡಿಸುವುದಿಲ್ಲ; ಹಾಗಾಗಿ ಅಚ್ಚಿನಲ್ಲಿ ಕಾಣುವ ಇಂಥ ದೀರ್ಘವನ್ನು ಸಂಪಾದಕರ ಓದೆಂದು ತಿಳಿಯಬೇಕೇ ಹೊರತು ಕಂಡರಣೆಗಾರನ ಗೆರೆಯೆಂದಲ್ಲ.

ಈ ಕೊರತೆಯನ್ನು ತುಂಬಲು ಬಂದದ್ದು ಲಿಪಿವಿಕಾಸದ ಪಟ. ಬರ್ನೆಲ್ (1874), ಬ್ಯೂಲರ್ (1896) ಮೊದಲಾದವರಿಂದ ಬಳಕೆಗೆ ಬಂದ ಈ ಕ್ರಮ ಇಂದು ಶಾಲೆಯ ಗೋಡೆಯವರೆಗೂ ಇಳಿದಿದೆ. ಮೇಲೆ ಅಶೋಕನ ಬ್ರಾಹ್ಮಿ, ಕೆಳಗೆ ಕದಂಬ, ಗಂಗ, ಚಾಲುಕ್ಯ, ಹೊಯ್ಸಳ, ಕಡೆಗೆ ಅಚ್ಚಿನ ಅಕ್ಷರ. ಕಂಡೊಡನೆ ಮನಸ್ಸಿಗೆ ಬರುವುದು ಬೀಜ ಮರವಾದ ಚಿತ್ರ. ಯಾರೂ ಏನನ್ನೂ ಮಾಡಲಿಲ್ಲ, ಎಲ್ಲವೂ ತಾನಾಗಿ ಬೆಳೆಯಿತು ಎಂಬ ಭಾವ. ಇದಕ್ಕೆ ಎದುರಾಗಿ ಎಲ್ಲರೂ ನಿಲ್ಲಿಸುವ ಉದಾಹರಣೆ ಕೊರಿಯದ ಹಂಗುಲ್.

ಹಂಗುಲ್ ಹುಟ್ಟಿದ ದಿನ ಗೊತ್ತಿರುವ ಲಿಪಿ. ಸೆಜೊಂಗ್ ದೊರೆ ಅದನ್ನು 1443ರ ಕೊನೆಯ ಹೊತ್ತಿಗೆ ರೂಪಿಸಿ 1446ರಲ್ಲಿ ಹೊರಡಿಸಿದನು. ಅಕ್ಷರಗಳಿಗೆ ಆ ಆಕಾರಗಳೇಕೆ ಬಂದುವೆಂಬುದನ್ನು ತಿಳಿಸುವ ವ್ಯಾಖ್ಯಾನಗ್ರಂಥದ ಪ್ರತಿ 1940ರಲ್ಲಿ ದೊರಕಿತು. ಕಕಾರದ ಚಿಹ್ನೆ ಗಂಟಲನ್ನು ತಡೆಯುವ ನಾಲಗೆಯ ಬುಡದ ಆಕಾರ, ಮಕಾರದ್ದು ಬಾಯಿ, ಸಕಾರದ್ದು ಹಲ್ಲು. ಉಸಿರು ಬಲವಾದರೆ ಗೆರೆಯೊಂದು ಹೆಚ್ಚುತ್ತದೆ. ಆಕಾರಸಾಮ್ಯ ಇಲ್ಲಿ ಧ್ವನಿಸಾಮ್ಯದ ಗುರುತು. ಇಷ್ಟು ಸ್ಪಷ್ಟ ಸಾಕ್ಷ್ಯವಿದ್ದೂ ವಾದ ಮುಗಿದಿಲ್ಲ. ಅಕ್ಷರಗಳು ಹಳೆಯ ಮುದ್ರಾಲಿಪಿಯನ್ನು ಅನುಸರಿಸಿವೆ ಎಂಬ ಅಂದಿನ ಹೇಳಿಕೆಯನ್ನು ಹಿಡಿದು, ಕೆಲವು ಮೂಲಾಕ್ಷರಗಳು ಮಂಗೋಲರ ಫಗ್ಸ್‌ಪಾ ಲಿಪಿಯಿಂದ ಬಂದುವೆಂದು ಗ್ಯಾರಿ ಲೆಡ್ಯಾರ್ಡ್ 1966ರ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಫಗ್ಸ್‌ಪಾ ಟಿಬೆಟನ್ನಿನ ಕೂಸು, ಟಿಬೆಟನ್ ಬ್ರಾಹ್ಮಿಯ ಸಂತತಿ. ಇಷ್ಟು ಸಿಕ್ಕಿದರೆ ಸಾಕು, ಹಂಗುಲ್ ನಮ್ಮದೇ ಎಂದು ಸಾರುವ ಉತ್ಸಾಹಿಗಳಿಗೆ ಇಲ್ಲಿ ಕೊರತೆಯಿಲ್ಲ. ಲೆಡ್ಯಾರ್ಡ್ ಹೇಳಿದ್ದು ಕೆಲವೇ ವ್ಯಂಜನಗಳ ಮಾತು. ಗೆರೆ ಕೂಡಿಸುವ ವ್ಯವಸ್ಥೆಯ ಸ್ವಂತಿಕೆಯನ್ನು ಅವರು ಅಲ್ಲಗಳೆದವರಲ್ಲ.

ಬರಿಯ ಆಕಾರಸಾಮ್ಯ ಎಷ್ಟು ದುರ್ಬಲ ಸಾಕ್ಷಿಯೆಂಬುದಕ್ಕೆ ಕನ್ನಡದೊಳಗೇ ನಿದರ್ಶನವಿದೆ. ಇಂದಿನ ರ, ಠಗಳನ್ನು ನೋಡಿ. ಒಳಗಿನ ಚುಕ್ಕಿಯೊಂದನ್ನು ಬಿಟ್ಟರೆ ಎರಡೂ ಒಂದೇ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳು ಅಜ್ಜಂಪುರದ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲೇ ಇವೆ. ಅವುಗಳ ಬ್ರಾಹ್ಮಿಯಲ್ಲಿ ರಕಾರ ನಿಂತ ಗೆರೆ, ಠಕಾರ ವೃತ್ತ. ಗೆರೆಯ ಕೆಳತುದಿ ಬಾಗಿ, ಮೇಲೇರಿ, ತಲೆಕಟ್ಟಿಗೆ ಕೂಡಿ ವೃತ್ತವಾಯಿತು. ಮೊದಲೇ ವೃತ್ತವಾಗಿದ್ದುದು ವೃತ್ತವಾಗಿಯೇ ಉಳಿಯಿತು. ನಡುವಣ ಶಾಸನಗಳಿಲ್ಲದಿದ್ದರೆ ಠಕಾರಕ್ಕೆ ರಕಾರವೇ ತಾಯಿಯೆಂದು ಯಾರಾದರೂ ಬರೆದಿರುತ್ತಿದ್ದರು, ಮತ್ತು ನಾವು ನಂಬಿರುತ್ತಿದ್ದೆವು.

ಪಟದ ಇನ್ನೊಂದು ದೋಷ ಇದಕ್ಕಿಂತ ಗುರುತರವಾದುದು. ೞ, ಱಗಳಿಗೆ ಅಶೋಕನ ಸಾಲಿನಲ್ಲಿ ಪೂರ್ವಜರಿಲ್ಲ. ಪ್ರಾಕೃತಕ್ಕೆ ಬೇಡವಾಗಿದ್ದ ಈ ಧ್ವನಿಗಳಿಗೆ ಆ ಲಿಪಿಯಲ್ಲಿ ಚಿಹ್ನೆ ಇರಲಿಲ್ಲ. ಸುಮಾರು 450ರದೆನ್ನುವ ಹಲ್ಮಿಡಿ ಶಾಸನದಲ್ಲಿ ಎರಡೂ ಇವೆ. ಎಂದರೆ, ಅದಕ್ಕೆ ಮುನ್ನ ಕನ್ನಡದ ಕಿವಿಯುಳ್ಳ ಯಾರೋ ಬಂದ ಲಿಪಿ ಸಾಲದೆಂದು ಕಂಡು ಹೊಸ ಚಿಹ್ನೆಗಳನ್ನು ಸೇರಿಸಿದ್ದಾರೆ. ತಮಿಳು ಬ್ರಾಹ್ಮಿಯಲ್ಲಿ ಇವಕ್ಕೆ ಇನ್ನೂ ಹಿಂದೆಯೇ ಚಿಹ್ನೆಗಳಿದ್ದುವಾದ್ದರಿಂದ ಇದು ಎರವಲೂ ಆಗಿರಬಹುದು. ಎರವಲಾದರೂ ಅದು ತಿಳಿದು ಮಾಡಿದ ಆಯ್ಕೆಯೇ. ಸೆಜೊಂಗನಿಗಿದ್ದ ಹೆಸರು ಈ ಅಜ್ಞಾತನಿಗಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಕೆಲಸವನ್ನು ಸಹಜ ಬೆಳವಣಿಗೆಯೆಂದು ಕರೆಯುವುದು ನ್ಯಾಯವಲ್ಲ. ಪಟದಲ್ಲಿ ಆ ಎರಡು ಅಕ್ಷರಗಳ ಮೇಲ್ಮನೆ ಖಾಲಿ ಇರುತ್ತದೆ, ಇಲ್ಲವೆ ಅಕ್ಷರಗಳನ್ನೇ ಬಿಟ್ಟಿರುತ್ತಾರೆ.

ಅವುಗಳ ಅಂತ್ಯವೂ ತಾನಾಗಿ ಆದುದಲ್ಲ. ಜನ್ನನ ಸೋದರಳಿಯ ಕೇಶಿರಾಜ ಸುಮಾರು 1260ರ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಬೇಕಾಯಿತು. ಬಾಯಿ ಬಿಟ್ಟುಕೊಟ್ಟ ಧ್ವನಿಯನ್ನು ವಿದ್ವಾಂಸರು ಬರೆಹದಲ್ಲಿ ಹಿಡಿದಿಡಲು ಯತ್ನಿಸಿದರು. ಹಂಗುಲ್‌ನ 28 ಅಕ್ಷರಗಳಲ್ಲಿಯೂ ನಾಲ್ಕು ಬಿದ್ದುಹೋಗಿವೆ.

ಇನ್ನು ಮಹಾಪ್ರಾಣದ ಸೀಳು. ಪ ಫ, ದ ಧ, ಡ ಢ, ಬ ಭಗಳಲ್ಲಿ ಇಂದು ಅಡಿಯ ಸೀಳೇ ಮಹಾಪ್ರಾಣದ ಗುರುತು; ಹಂಗುಲ್‌ನ ಹೆಚ್ಚುವರಿ ಗೆರೆಗೆ ಇದು ಆಶ್ಚರ್ಯಕರವಾಗಿ ಸಮೀಪದ್ದು. ಇದನ್ನು ನಮ್ಮ ಪೂರ್ವಿಕರ ಮೂಲಯೋಜನೆಯೆಂದು ಹೊಗಳುವವರುಂಟು. ಬ್ರಾಹ್ಮಿಯಲ್ಲಿ ಫಕಾರ ಪಕಾರದಿಂದಲೇ ಆದುದು ನಿಜ. ಆದರೆ ಅಲ್ಲಿ ಬ ಚೌಕ, ಭ ಕೊಕ್ಕೆ. ದ, ಧಗಳಿಗೂ ಹೋಲಿಕೆಯಿಲ್ಲ. ಸಂಬಂಧವಿಲ್ಲದ ರೂಪಗಳನ್ನು ಬರೆಯುವವರ ಕೈ ಜೋಡಿಮಾಡಿ ಸಮಗೊಳಿಸಿದೆ. ಕೊರಿಯದಲ್ಲಿ ಹುಟ್ಟಿನಲ್ಲೇ ಇದ್ದ ವ್ಯವಸ್ಥೆ ಇಲ್ಲಿ ಬಳಕೆಯಿಂದ ಬಂದಿತು. ನಮ್ಮ ದೃಷ್ಟಿಯಲ್ಲಿ ಇದು ಹೆಚ್ಚು ಕುತೂಹಲದ ಸಂಗತಿ, ಏಕೆಂದರೆ ಇದರ ಹಿಂದೆ ಯಾವ ದೊರೆಯ ಆಜ್ಞೆಯೂ ಇಲ್ಲ.

ಈ ಸಮೀಕರಣ ಯಾವಾಗ ನಡೆಯಿತು? ಪಾಂಬಬ್ಬೆಯ ಕಲ್ಲಿನ ಭಕಾರಕ್ಕೂ ಅಮೃತಾಪುರದ ಭಕಾರಕ್ಕೂ ನಡುವೆಯೇ? ಹಾಗಲ್ಲದೆ ಓಲೆಗರಿಯ ಕಂಠದ ಕಾಲದಲ್ಲೇ, ಅಚ್ಚುಮೊಳೆಯವರ ಕೈಯಲ್ಲೇ? ಕಡೂರು ಸಂಪುಟ ಇದಕ್ಕೆ ಉತ್ತರ ಕೊಡಲಾರದು. ಅದರ ಪುಟಗಳಲ್ಲಿ 971ರ ಭಕಾರಕ್ಕೂ 1901ರ ಸೀಳು ಬಿದ್ದಿದೆ. ಪಾಠವನ್ನು ತಿದ್ದಿ ಕೊಡುವ ಪರಿಷ್ಕೃತ ಆವೃತ್ತಿಯಿಂದಲೂ ಇಷ್ಟು ದೊರೆಯದು. ಬೇಕಾದುದು ಈ ಮೂರು ತಾಲ್ಲೂಕುಗಳ ಕಾಲ ಖಚಿತವಿರುವ ಶಾಸನಗಳ ಪಡಿಯಚ್ಚುಗಳಿಂದ ಬ, ಭ, ದ, ಧಗಳನ್ನಷ್ಟೇ ಕತ್ತರಿಸಿ, ಇಸವಿಯ ಕ್ರಮದಲ್ಲಿ ಒಂದರ ಕೆಳಗೊಂದು ಇಡುವ ಕೆಲಸ.