ಒಂದೇ ದಿನ ಹುಟ್ಟಿದವರ ಎರಡು ಕನ್ಚೆರ್ಟೊ: ರಸಿಕರಿಗೊಂದು ಕೈಪಿಡಿ

ಒಬ್ಬ ಏಕವಾದಕನೂ ಪೂರ್ಣ ವಾದ್ಯವೃಂದವೂ ಎದುರುಬದುರಾಗಿ ನಿಂತು, ಸಾಮಾನ್ಯವಾಗಿ ಮೂರು ಭಾಗಗಳಲ್ಲಿ ನಡೆಸುವ ದೀರ್ಘ ರಚನೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕನ್ಚೆರ್ಟೊ ಎಂದು ಹೆಸರು. ಈ ಪ್ರಕಾರಕ್ಕೆ ಹೊಸಬರಾದ ಕೇಳುಗರು ಸಾಮಾನ್ಯವಾಗಿ ಏಕವಾದಕನ ಬೆರಳುಗಳ ವೇಗಕ್ಕೆ ಮಾರುಹೋಗುತ್ತಾರೆ, ಇಲ್ಲವೇ ಗುನುಗಿಕೊಳ್ಳಬಹುದಾದ ಒಂದು ರಾಗಖಂಡಕ್ಕಾಗಿ ಕಾಯುತ್ತ ಉಳಿದದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಕನ್ಚೆರ್ಟೊದ ಸ್ವಾರಸ್ಯವಿರುವುದು ಇವೆರಡಕ್ಕಿಂತ ಹೆಚ್ಚಾಗಿ ಒಬ್ಬನಿಗೂ ಬಹುಮಂದಿಗೂ ನಡುವೆ ನಡೆಯುವ ವ್ಯವಹಾರದಲ್ಲಿ: ಯಾರು ಯಾರಿಗಾಗಿ ಕಾಯುತ್ತಾರೆ, ಯಾರ ಮಾತನ್ನು ಯಾರು ಎತ್ತಿಕೊಳ್ಳುತ್ತಾರೆ, ಯಾರು ಯಾವಾಗ ಸುಮ್ಮನಾಗುತ್ತಾರೆ ಎಂಬುದರಲ್ಲಿ. ಇದನ್ನು ಗುರುತಿಸಲು ಕಿವಿಯನ್ನು ಪಳಗಿಸಬೇಕಾದರೆ ಯೊಹಾನೆಸ್ ಬ್ರಾಮ್ಸ್ ಮತ್ತು ಪ್ಯೋತ್ರ್ ಇಲ್ಯಿಚ್ ಚೈಕಾವ್‌ಸ್ಕಿ ಅವರ ಪಿಟೀಲು ಕನ್ಚೆರ್ಟೊಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳುವುದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಬ್ರಾಮ್ಸ್ 1833ರ ಮೇ 7ರಂದು ಹ್ಯಾಂಬರ್ಗ್ ನಗರದಲ್ಲಿ ಹುಟ್ಟಿದರೆ, ಚೈಕಾವ್‌ಸ್ಕಿ ಸರಿಯಾಗಿ ಏಳು ವರ್ಷಗಳ ಅನಂತರ, 1840ರ ಮೇ 7ರಂದು ರಷ್ಯದ ವೋತ್ಕಿನ್ಸ್ಕ್ ಎಂಬ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಹುಟ್ಟಿದನು. ಆದರೆ ಆಗ ರಷ್ಯದಲ್ಲಿ ಚಲಾವಣೆಯಲ್ಲಿದ್ದದ್ದು ಹಳೆಯ ಜೂಲಿಯನ್ ಪಂಚಾಂಗ. ಅದು ಪಶ್ಚಿಮ ಯೂರೋಪಿನ ಗ್ರೆಗೋರಿಯನ್ ಪಂಚಾಂಗಕ್ಕಿಂತ ಆ ಶತಮಾನದಲ್ಲಿ 12 ದಿನ ಹಿಂದಿದ್ದುದರಿಂದ, ಚೈಕಾವ್‌ಸ್ಕಿಯ ಮನೆಯವರ ಲೆಕ್ಕದಲ್ಲಿ ಅವನ ಜನ್ಮದಿನ ಏಪ್ರಿಲ್ 25. ಇದೇ ಮೇ 7ಕ್ಕೆ, 1861ರಲ್ಲಿ, ಹುಟ್ಟಿದ ಮತ್ತೊಬ್ಬ ಸಂಗೀತಕಾರ ರವೀಂದ್ರನಾಥ ಠಾಕೂರರು. ಎರಡು ಸಾವಿರಕ್ಕೂ ಹೆಚ್ಚು ಗೀತೆಗಳಿಗೆ ರಾಗ ಹಾಕಿದ ಅವರ ಹುಟ್ಟುಹಬ್ಬವನ್ನೂ ಬಂಗಾಳಿಗಳು ತಮ್ಮ ಪಂಚಾಂಗದ ವೈಶಾಖ 25ರಂದೇ ಆಚರಿಸುತ್ತಾರೆ. ಹೀಗೆ ಮೂವರಲ್ಲಿ ಇಬ್ಬರ ಮೇ 7 ಲೆಕ್ಕ ಹಾಕಿ ಹೊಂದಿಸಿದ ಮೇ 7 ಆಗಿರುವುದರಿಂದ, ಆ ತಾರೀಖಿನಲ್ಲಿ ಗ್ರಹಗತಿಯ ಗೂಢಾರ್ಥವನ್ನು ಹುಡುಕುವ ಅಗತ್ಯವಿಲ್ಲ.

ತಾರೀಖಿಗಿಂತ ಗಮನಾರ್ಹವಾದ ಹೊಂದಾಣಿಕೆ 1878ರದು. ಆ ವರ್ಷದ ವಸಂತದಲ್ಲಿ ಚೈಕಾವ್‌ಸ್ಕಿ, ಹಿಂದಿನ ವರ್ಷ ಆಗಿದ್ದ ಮದುವೆ ಕೆಲವೇ ವಾರಗಳಲ್ಲಿ ಮುರಿದು ಮನಸ್ಸು ಕೆಟ್ಟಿದ್ದ ಸ್ಥಿತಿಯಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ಕ್ಲಾರೆನ್ಸ್‌ನಲ್ಲಿದ್ದುಕೊಂಡು ತಿಂಗಳೊಳಗೆ ತನ್ನ ಪಿಟೀಲು ಕನ್ಚೆರ್ಟೊವನ್ನು ಬರೆದು ಮುಗಿಸಿದನು. ಅದೇ ವರ್ಷದ ಬೇಸಗೆಯಲ್ಲಿ ಬ್ರಾಮ್ಸ್ ಆಸ್ಟ್ರಿಯದ ಇನ್ನೊಂದು ಸರೋವರದ ದಡದಲ್ಲಿ, ಪ್ಯೋರ್ಟ್‌ಶಾಖ್ ಎಂಬ ಹಳ್ಳಿಯಲ್ಲಿ, ತನ್ನದನ್ನು ಬರೆದನು. ಇಬ್ಬರೂ ಪಿಟೀಲಿಗೆ ಬರೆದ ಕನ್ಚೆರ್ಟೊ ಅದೊಂದೇ. ಎರಡರದೂ ಡಿ ಮೇಜರ್ ಶ್ರುತಿ. ಇಬ್ಬರೂ ಸ್ವತಃ ಪಿಟೀಲುವಾದಕರಲ್ಲದ ಕಾರಣ ಚೈಕಾವ್‌ಸ್ಕಿ ತನ್ನ ಶಿಷ್ಯ ಯೋಸಿಫ್ ಕೋತೆಕ್‌ನ ನೆರವನ್ನೂ, ಬ್ರಾಮ್ಸ್ ತನ್ನ ಗೆಳೆಯ, ಆ ಕಾಲದ ಅಗ್ರಗಣ್ಯ ಪಿಟೀಲುಗಾರ ಯೋಸೆಫ್ ಯೋಆಖಿಮ್‌ನ ಸಲಹೆಯನ್ನೂ ಪಡೆದರು. ಬ್ರಾಮ್ಸ್ ಕೇಳಿದ ಸಲಹೆಗಳಲ್ಲಿ ಅನೇಕವನ್ನು ಒಪ್ಪಲಿಲ್ಲ ಎಂಬುದು ಅವನ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು.

ಡಿ ಮೇಜರ್ ಎಂಬುದು ಕಾಕತಾಳೀಯವಲ್ಲ. ಪಾಶ್ಚಾತ್ಯ ಪದ್ಧತಿಯ ಪಿಟೀಲಿನ ನಾಲ್ಕು ತಂತಿಗಳನ್ನು ಕ್ರಮವಾಗಿ ಜಿ, ಡಿ, ಎ, ಇ ಎಂಬ ಸ್ವರಗಳಿಗೆ ಕೂಡಿಸಿರುತ್ತಾರೆ. ಡಿ ಸ್ವರವನ್ನು ಷಡ್ಜವೆಂದು ಹಿಡಿದರೆ ಬಿಡಿ ತಂತಿಗಳಲ್ಲೇ ಷಡ್ಜ, ಪಂಚಮ ಎರಡೂ ದೊರೆಯುತ್ತವೆ. ಕೆಳಗಿನ ತಂತಿ ಮಂದ್ರ ಮಧ್ಯಮವನ್ನೂ ಮೇಲಿನದು ತಾರ ರಿಷಭವನ್ನೂ ಕೊಡುತ್ತದೆ. ಬೆರಳಿಟ್ಟು ನುಡಿಸುವಾಗಲೂ ಈ ಬಿಡಿ ತಂತಿಗಳು ತಾವಾಗಿಯೇ ಮಿಡಿದು ನಾದವನ್ನು ತುಂಬಿಸುವುದರಿಂದ, ಬೀಥೋವನ್ 1806ರಲ್ಲೇ ತನ್ನ ಪಿಟೀಲು ಕನ್ಚೆರ್ಟೊಕ್ಕೆ ಇದೇ ಶ್ರುತಿಯನ್ನು ಆರಿಸಿಕೊಂಡಿದ್ದನು. ವಾದ್ಯವನ್ನು ಸ-ಪ-ಸ-ಪ ಎಂದು ಕೂಡಿಸುವ ಕರ್ನಾಟಕ ಸಂಗೀತದ ಪಿಟೀಲನ್ನು ಕೇಳಿ ಬಲ್ಲವರಿಗೆ ಈ ತರ್ಕ ಅಪರಿಚಿತವಲ್ಲ. ಮೇಜರ್ ಎಂದರೆ, ಗಮಕಗಳನ್ನು ಬಿಟ್ಟು ಸ್ವರಸ್ಥಾನಗಳನ್ನಷ್ಟೇ ನೋಡಿದರೆ, ನಮ್ಮ 29ನೆಯ ಮೇಳವಾದ ಧೀರಶಂಕರಾಭರಣ.

ಆದರೆ ಕರ್ನಾಟಕ ಸಂಗೀತದ ಕೇಳುಗರು ಎಡವುವುದೂ ಇಲ್ಲಿಯೇ. ನಮ್ಮಲ್ಲಿ ತಂಬೂರಿ ಹಿಡಿದಿಟ್ಟ ಷಡ್ಜ ಕಛೇರಿಯುದ್ದಕ್ಕೂ ಕದಲುವುದಿಲ್ಲ. ಕನ್ಚೆರ್ಟೊದಲ್ಲಿ ಷಡ್ಜವೇ ನೆಲೆ ಬದಲಿಸುತ್ತ ಹೋಗುತ್ತದೆ. ಮೊದಲ ಭಾಗದಲ್ಲಿ ಡಿ ಎಂಬ ನೆಲೆಯಿಂದ ಹೊರಟ ಸಂಗೀತ ಬೇರೆ ಬೇರೆ ಆಧಾರಸ್ವರಗಳ ಮೇಲೆ ನಿಂತು, ಒಮ್ಮೊಮ್ಮೆ ಯಾವುದರ ಮೇಲೂ ನಿಲ್ಲದೆ ಅಲೆದು, ಕಡೆಗೆ ಡಿಗೆ ಮರಳುತ್ತದೆ. ಮುಖ್ಯ ಸ್ವರಖಂಡಗಳನ್ನು ಪರಿಚಯಿಸುವ ಪ್ರಸ್ತಾವ, ಅವನ್ನು ಒಡೆದು ತಿರುಚಿ ಅಲೆದಾಡಿಸುವ ವಿಸ್ತಾರ, ಅವನ್ನು ಮೂಲ ನೆಲೆಗೆ ತರುವ ಪುನರಾಗಮನ ಎಂಬ ಮೂರು ಘಟ್ಟಗಳ ಈ ವ್ಯವಸ್ಥೆಗೆ ಸೊನಾಟಾ ರೂಪವೆನ್ನುತ್ತಾರೆ. ಹೊಸ ಕೇಳುಗನು ಈ ಹೆಸರುಗಳನ್ನು ಮರೆತರೂ ಚಿಂತೆಯಿಲ್ಲ; ಸಂಗೀತ ಮನೆಯಲ್ಲಿದೆಯೋ ದಾರಿಯಲ್ಲಿದೆಯೋ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದರೆ ಸಾಕು.

ಈಗ ಎರಡು ಕೃತಿಗಳ ಮೊದಲ ಭಾಗಗಳಲ್ಲಿ ಪಿಟೀಲಿನ ಪ್ರವೇಶವನ್ನು ಹೋಲಿಸಬೇಕು. ಚೈಕಾವ್‌ಸ್ಕಿಯಲ್ಲಿ ವಾದ್ಯವೃಂದ ನಿಮಿಷದಷ್ಟು ಕಾಲ ಮೃದುವಾಗಿ ನುಡಿದು, ನಿರೀಕ್ಷೆಯನ್ನು ಏರಿಸಿ, ದಾರಿ ಬಿಡುತ್ತದೆ. ಪಿಟೀಲು ಒಂಟಿಯಾಗಿ, ತಾಳದ ಹಂಗು ಅಷ್ಟಾಗಿಲ್ಲದ ಒಂದು ಪುಟ್ಟ ಆಲಾಪದಂತಹ ನುಡಿಯೊಂದಿಗೆ ಬಂದು ಕೂಡಲೇ ಮುಖ್ಯ ರಾಗಖಂಡವನ್ನು ತಾನೇ ಹಾಡುತ್ತದೆ. ವಾದ್ಯವೃಂದ ಆರಂಭದಲ್ಲಿ ಸೂಚಿಸಿದ್ದ ಎಳೆಯೊಂದು ಮತ್ತೆ ಬರುವುದೇ ಇಲ್ಲವೆಂಬುದನ್ನು ಕೇಳುಗರು ಮರೆತೇಬಿಡುತ್ತಾರೆ, ಏಕೆಂದರೆ ಇನ್ನು ಮುಂದೆ ಕಥೆಯೆಲ್ಲ ಪಿಟೀಲಿನದು. ಬ್ರಾಮ್ಸ್‌ನಲ್ಲಿ ಹಾಗಲ್ಲ. ಬಸೂನ್, ವಿಯೋಲ, ಚೆಲ್ಲೊಗಳು ಕೆಳಗಿನ ಸ್ಥಾಯಿಯಲ್ಲಿ ಸ, ಗ, ಪಗಳ ಮೇಲೆಯೇ ಕಟ್ಟಿದ ಶಾಂತವಾದ ಖಂಡವೊಂದನ್ನು ಆರಂಭಿಸುತ್ತವೆ. ಸುಮಾರು ತೊಂಬತ್ತು ಆವರ್ತಗಳವರೆಗೆ ವಾದ್ಯವೃಂದವೇ ಪೂರ್ತಿ ಪ್ರಸ್ತಾವವನ್ನು ಮಂಡಿಸುತ್ತದೆ. ಏಕವಾದಕನು ಅಷ್ಟೂ ಹೊತ್ತು ವಾದ್ಯ ಹಿಡಿದು ನಿಂತಿರುತ್ತಾನೆ. ಅವನು ಕಡೆಗೆ ಪ್ರವೇಶಿಸುವುದೂ ಮೇಜರ್‌ನಲ್ಲಲ್ಲ, ಮೈನರ್‌ನಲ್ಲಿ, ಅಂದರೆ ಅಂತರ ಗಾಂಧಾರವು ಸಾಧಾರಣ ಗಾಂಧಾರವಾಗಿ ಇಳಿದು ಬಣ್ಣ ಕಪ್ಪಾದ ಸ್ವರಶ್ರೇಣಿಯಲ್ಲಿ, ಸಿಟ್ಟಿನ ಏರಿಳಿತಗಳೊಡನೆ. ಮೊದಲ ಖಂಡದ ಶಾಂತ ರೂಪ ಅವನ ಕೈಗೆ ಸಿಗುವುದು ಇನ್ನಷ್ಟು ಹೋರಾಟದ ಮೇಲೆಯೇ. ಇದು ಪಿಟೀಲಿಗಾಗಿ ಬರೆದ ಕೃತಿಯಲ್ಲ, ಪಿಟೀಲಿನ ವಿರುದ್ಧ ಬರೆದದ್ದು ಎಂದು ಅಂದಿನವರು ಕುಚೋದ್ಯ ಮಾಡಿದ್ದುಂಟು; ಕುಚೋದ್ಯವಾದರೂ ಕೇಳುವುದಕ್ಕೆ ಒಳ್ಳೆಯ ಸುಳಿವು.

ಎರಡನೆಯದಾಗಿ ಗಮನಿಸಬೇಕಾದದ್ದು ಕಡೆನ್ಸ. ವಾದ್ಯವೃಂದವೆಲ್ಲ ಮೌನವಾಗಿ ಏಕವಾದಕನೊಬ್ಬನೇ ಕೃತಿಯ ಖಂಡಗಳನ್ನು ಹಿಡಿದು ನುಡಿಸುವ ಅವಕಾಶಕ್ಕೆ ಈ ಹೆಸರು. ತನಿ ಆವರ್ತನವನ್ನು ಬಲ್ಲ ಕೇಳುಗರಿಗೆ ಇದರ ಸ್ಥಾನ ಅರ್ಥವಾಗುತ್ತದೆ, ಆದರೆ ಇಲ್ಲಿ ವಿಸ್ತಾರ ಪಡೆಯುವುದು ಲಯಕ್ಕಿಂತ ಸ್ವರ. ಹಿಂದೆ ವಾದಕರು ಇದನ್ನು ಸ್ಥಳದಲ್ಲೇ ಕಲ್ಪಿಸುತ್ತಿದ್ದರು. ಬ್ರಾಮ್ಸ್ ಆ ಹಳೆಯ ಕ್ರಮಕ್ಕೆ ಗೌರವ ಕೊಟ್ಟು ಜಾಗವನ್ನು ಖಾಲಿ ಬಿಟ್ಟನು; ಇಂದು ಹೆಚ್ಚಿನವರು ನುಡಿಸುವುದು ಯೋಆಖಿಮ್ ಬರೆದ ಕಡೆನ್ಸವನ್ನು. ಅದು ಮೊದಲ ಭಾಗದ ಕೊನೆಯಲ್ಲಿ ಬರುತ್ತದೆ. ಅದು ಮುಗಿದೊಡನೆ ವಾದ್ಯವೃಂದ ಆರ್ಭಟಿಸದೆ ಬಲು ಮೆಲ್ಲಗೆ ಹಿಂತಿರುಗಿ, ಪಿಟೀಲು ಅದೇ ಮೊದಲ ಖಂಡವನ್ನು ತಾರಸ್ಥಾಯಿಯಲ್ಲಿ ತೇಲಿಸುವ ಕೆಲವು ಕ್ಷಣಗಳು ಇಡೀ ಕೃತಿಯಲ್ಲೇ ಶ್ರೇಷ್ಠವಾದವು. ಚೈಕಾವ್‌ಸ್ಕಿಯಾದರೋ ಪ್ರತಿಯೊಂದು ಸ್ವರವನ್ನೂ ತಾನೇ ಬರೆದಿಟ್ಟು, ಕಡೆನ್ಸವನ್ನು ಕೊನೆಯಿಂದ ಎತ್ತಿ ಪುನರಾಗಮನಕ್ಕೆ ಮುಂಚೆಯೇ ಇರಿಸಿದನು. ರಚನಕಾರ ಮೆಂಡೆಲ್‌ಸನ್ ಮೊದಲೇ ತೋರಿಸಿದ್ದ ದಾರಿ ಅದು. ಇದರಿಂದಾಗಿ ಕಡೆನ್ಸವು ಪ್ರದರ್ಶನವಾಗಿ ಉಳಿಯದೆ ಸೇತುವೆಯಾಗುತ್ತದೆ: ಪಿಟೀಲು ಒಂದು ಸ್ವರದ ಮೇಲೆ ಕಂಪಿಸುತ್ತಿರುವಾಗಲೇ ಕೊಳಲು ಮುಖ್ಯ ರಾಗಖಂಡವನ್ನು ಎತ್ತಿಕೊಂಡು ಮನೆಗೆ ಕರೆತರುತ್ತದೆ.

ಎರಡನೆಯ ಭಾಗದಲ್ಲಿ ಇಬ್ಬರ ಮನೋಧರ್ಮ ಇನ್ನೂ ಸ್ಪಷ್ಟವಾಗುತ್ತದೆ. ಇಬ್ಬರೂ ಈ ಭಾಗವನ್ನು ಒಮ್ಮೆ ಬರೆದು ತೆಗೆದುಹಾಕಿದವರೇ ಎಂಬುದು ಗಮನಾರ್ಹ. ಬ್ರಾಮ್ಸ್ ನಾಲ್ಕು ಭಾಗಗಳ ಯೋಜನೆಯಲ್ಲಿದ್ದ ನಡುವಿನ ಎರಡನ್ನೂ ಕೈಬಿಟ್ಟು ಒಂದೇ ವಿಲಂಬ ಭಾಗವನ್ನು ಬರೆದರೆ, ಚೈಕಾವ್‌ಸ್ಕಿ ಮೊದಲು ಬರೆದದ್ದನ್ನು ಬೇರೊಂದು ಕೃತಿಗೆ ಸಾಗಿಸಿ, ಕನ್ಜೊನೆಟ್ಟ, ಅಂದರೆ ಪುಟ್ಟ ಹಾಡು, ಎಂಬ ಹೊಸದನ್ನು ಕೂರಿಸಿದನು. ಅದರಲ್ಲಿ ತಂತಿಗಳನ್ನು ಹೊತ್ತ ಕುದುರೆಗೆ ಮ್ಯೂಟ್ ಎಂಬ ಸಣ್ಣ ಸಾಧನವನ್ನು ಸಿಕ್ಕಿಸಿ ನಾದವನ್ನು ಮಬ್ಬಾಗಿಸಿದ ಪಿಟೀಲು, ಮರೆಮಾಚುವುದೇನೂ ಇಲ್ಲವೆಂಬಂತೆ ನೇರವಾಗಿ ದುಃಖವನ್ನು ಹಾಡುತ್ತದೆ. ಬ್ರಾಮ್ಸ್ ತನ್ನ ಅತ್ಯಂತ ಸುಂದರವಾದ ರಾಗಖಂಡವನ್ನು ಪಿಟೀಲಿಗೆ ಕೊಡುವುದೇ ಇಲ್ಲ. ಓಬೊ ಎಂಬ, ಜೋಡಿ ನಾಲಗೆಯ ಮೂಲಕ ಊದುವ, ಕುಲದಲ್ಲಿ ನಮ್ಮ ನಾದಸ್ವರಕ್ಕೆ ಸೇರಿದರೂ ದನಿಯಲ್ಲಿ ಬಹಳ ಮೆತ್ತಗಿನ ವಾದ್ಯಕ್ಕೆ ಕೊಡುತ್ತಾನೆ. ಸ್ಪೇನಿನ ಪ್ರಸಿದ್ಧ ಪಿಟೀಲುಗಾರ ಸರಸಾತೆ, ಓಬೊ ಹಾಡುವುದನ್ನು ಕೇಳುತ್ತ ವೇದಿಕೆಯ ಮೇಲೆ ಸುಮ್ಮನೆ ನಿಲ್ಲಲು ತಾನು ತಯಾರಿಲ್ಲವೆಂದು ಈ ಕೃತಿಯನ್ನು ನುಡಿಸಲು ನಿರಾಕರಿಸಿದನೆಂಬ ಮಾತು ಪ್ರಚಾರದಲ್ಲಿದೆ. ಪಿಟೀಲು ಬಂದ ಮೇಲೆ ಆ ಖಂಡವನ್ನು ಇದ್ದಂತೆ ಹೇಳದೆ, ಅದರ ಸುತ್ತ ಅಲಂಕಾರಗಳನ್ನು ಹೆಣೆಯುತ್ತದೆ. ಈ ಸಂಯಮವನ್ನು ಸವಿಯಬಲ್ಲವನು ಕನ್ಚೆರ್ಟೊವನ್ನು ಕೇಳಲು ಕಲಿತನೆಂದೇ ತಿಳಿಯಬಹುದು.

ಮೂರನೆಯ ಭಾಗಗಳಿಗೆ ಹೆಚ್ಚಿನ ಮಾರ್ಗದರ್ಶನ ಬೇಡ. ಬ್ರಾಮ್ಸ್‌ನದು ಹಂಗೇರಿಯಲ್ಲಿ ಹುಟ್ಟಿದ ಯೋಆಖಿಮ್‌ಗೆ ಸಲ್ಲಿಸಿದ ಹಂಗೇರಿಯನ್ ಧಾಟಿಯ ಕಾಣಿಕೆ. ಚೈಕಾವ್‌ಸ್ಕಿಯದು, ವಿಲಂಬ ಭಾಗ ಮುಗಿಯುವಷ್ಟರಲ್ಲೇ ನಿಲ್ಲದೆ ಸ್ಫೋಟಿಸುವ, ರಷ್ಯದ ತ್ರೆಪಾಕ್ ಎಂಬ ಜನಪದ ಕುಣಿತದ ಓಟ.

ಬ್ರಾಮ್ಸ್‌ನ ಕೃತಿ 1879ರ ಜನವರಿ 1ರಂದು ಲೈಪ್‌ಜಿಗ್‌ನಲ್ಲಿ, ಅವನದೇ ನಿರ್ದೇಶನದಲ್ಲಿ, ಯೋಆಖಿಮ್‌ನ ಕೈಯಲ್ಲಿ ಮೊದಲು ನುಡಿಯಿತು. ಚೈಕಾವ್‌ಸ್ಕಿಯದಕ್ಕೆ ಅಂಥ ಭಾಗ್ಯವಿರಲಿಲ್ಲ. ಮೊದಲು ಅರ್ಪಣೆ ಪಡೆದಿದ್ದ ಪಿಟೀಲುಗಾರ ಲಿಯೋಪೋಲ್ಡ್ ಆವರ್ ಅದನ್ನು ನುಡಿಸದೆ ಬದಿಗಿಟ್ಟುದರಿಂದ, 1881ರ ಡಿಸೆಂಬರ್ 4ರಂದು ವಿಯೆನ್ನಾದಲ್ಲಿ ಅಡಾಲ್ಫ್ ಬ್ರಾಡ್‌ಸ್ಕಿ ಅದನ್ನು ವೇದಿಕೆಗೆ ತಂದನು. ಬ್ರಾಮ್ಸ್‌ನ ಪ್ರಬಲ ಪಕ್ಷಪಾತಿಯಾಗಿದ್ದ ವಿಮರ್ಶಕ ಎಡ್ವರ್ಡ್ ಹ್ಯಾನ್ಸ್‌ಲಿಕ್, ಆ ಸಂಗೀತ ಕಿವಿಗೆ ದುರ್ವಾಸನೆ ಬಡಿಯುವಂತಿದೆ ಎಂಬರ್ಥದ ವಿಮರ್ಶೆ ಬರೆದನು. ವಿಮರ್ಶೆಯ ಚರಿತ್ರೆಯಲ್ಲಿ ಇಷ್ಟು ಪ್ರಸಿದ್ಧವಾಗಿ ಸುಳ್ಳಾದ ತೀರ್ಪುಗಳು ಕಡಿಮೆ. ಚೈಕಾವ್‌ಸ್ಕಿಯೂ ಬ್ರಾಮ್ಸ್‌ನ ಕನ್ಚೆರ್ಟೊವನ್ನು ಮೆಚ್ಚಿದವನಲ್ಲ. ಅದರಲ್ಲಿ ಪೀಠಗಳೇ ಇದ್ದು ಅವುಗಳ ಮೇಲೆ ಕಂಬವಿಲ್ಲ ಎಂಬುದು ಅವನ ದೂರಾಗಿತ್ತು. ಆದರೂ 1888ರ ಜನವರಿ 1ರಂದು ಲೈಪ್‌ಜಿಗ್‌ನಲ್ಲಿ, ಅದೇ ಬ್ರಾಡ್‌ಸ್ಕಿಯ ಮನೆಯಲ್ಲಿ, ಇಬ್ಬರೂ ಮೊದಲ ಬಾರಿಗೆ ಭೇಟಿಯಾದಾಗ ಸೌಜನ್ಯಕ್ಕೆ ಕೊರತೆಯಾಗಲಿಲ್ಲ. ಮರುವರ್ಷ ಹ್ಯಾಂಬರ್ಗ್‌ನಲ್ಲಿ ಬ್ರಾಮ್ಸ್ ಚೈಕಾವ್‌ಸ್ಕಿಯ ಐದನೆಯ ಸಿಂಫನಿಯ ಅಭ್ಯಾಸವನ್ನು ಕೇಳಲೆಂದೇ ಒಂದು ದಿನ ಹೆಚ್ಚು ತಂಗಿ, ಕೊನೆಯ ಭಾಗ ತನಗೆ ಹಿಡಿಸಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದನು.

ಕನ್ನಡನಾಡಿಗೆ ಈ ಪರಂಪರೆ ತೀರ ದೂರದ್ದೇನಲ್ಲ. ಚೈಕಾವ್‌ಸ್ಕಿ ಪಾಠ ಹೇಳಿದ್ದ ಮಾಸ್ಕೋ ಸಂಗೀತ ವಿದ್ಯಾಲಯದಲ್ಲಿ ಮುಂದೆ ಕಲಿತ ನಿಕೊಲಾಯ್ ಮೆಟ್ನರ್‌ನ ರಚನೆಗಳು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣಗೊಂಡದ್ದು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ ಹಣದಿಂದ.

ಹೊಸ ಕೇಳುಗರು ಚೈಕಾವ್‌ಸ್ಕಿಯಿಂದ ಆರಂಭಿಸುವುದು ಸೂಕ್ತ, ಏಕೆಂದರೆ ಅವನು ಕೇಳುಗನ ಬಳಿಗೆ ತಾನೇ ಬರುತ್ತಾನೆ. ಬ್ರಾಮ್ಸ್‌ನ ಬಳಿಗೆ ಕೇಳುಗನೇ ಹೋಗಬೇಕು. ಹಾಗೆ ಹೋಗುವಾಗ ಸುಮಾರು ನಲವತ್ತು ನಿಮಿಷದ ಇಡೀ ಕೃತಿಯನ್ನು ಒಮ್ಮೆಗೇ ಎದುರಿಸದೆ, ಓಬೊದ ಎರಡನೆಯ ಭಾಗವನ್ನಷ್ಟೇ ಎರಡು ಮೂರು ಸಲ ಕೇಳಿ, ಅನಂತರ ಮೊದಲ ಭಾಗಕ್ಕೆ ಬರುವುದು ಒಳ್ಳೆಯದು. ಸಭೆಯಲ್ಲಿ ಕೇಳುವವರು ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವುದು ಇಂದಿನ ರೂಢಿ. ಚೈಕಾವ್‌ಸ್ಕಿಯ ಮೊದಲ ಭಾಗದ ಕೊನೆಗೆ ಆ ರೂಢಿ ಆಗಾಗ ಮುರಿಯುತ್ತದೆ, ಅದರಿಂದ ಯಾರೂ ನಾಚಬೇಕಾಗಿಲ್ಲ. ಧ್ವನಿಮುದ್ರಣಗಳಲ್ಲಿ ಯಾಶಾ ಹೈಫೆಟ್ಜ್, ಫ್ರಿಟ್ಜ್ ರೈನರ್ ನಿರ್ದೇಶಿಸಿದ ಶಿಕಾಗೊ ಸಿಂಫನಿ ವಾದ್ಯವೃಂದದೊಡನೆ 1955ರಲ್ಲಿ ಬ್ರಾಮ್ಸ್‌ನ ಕನ್ಚೆರ್ಟೊವನ್ನೂ 1957ರಲ್ಲಿ ಚೈಕಾವ್‌ಸ್ಕಿಯದನ್ನೂ ನುಡಿಸಿದ್ದಾನೆ. ವಾದಕ, ನಿರ್ದೇಶಕ, ವೃಂದ ಮೂರೂ ಒಂದೇ ಆಗಿರುವುದರಿಂದ ಕೇಳಿಬರುವ ವ್ಯತ್ಯಾಸವೆಲ್ಲ ರಚನಕಾರರದೇ. ಹೈಫೆಟ್ಜ್‌ಗೆ ಪಿಟೀಲು ಕಲಿಸಿದ ಗುರು, ಒಂದು ಕಾಲಕ್ಕೆ ಚೈಕಾವ್‌ಸ್ಕಿಯ ಕೃತಿಯನ್ನು ಬದಿಗಿಟ್ಟಿದ್ದ ಅದೇ ಲಿಯೋಪೋಲ್ಡ್ ಆವರ್.