ಶಿರಸ್ಸು ಯಾರದು, ಶರೀರ ಯಾರದು? — ‘ಹಯವದನ’ದ ಗೊಂಬೆಗಳನ್ನು ಕುರಿತು

ಮುಂಬಯಿಯ ಗ್ರಾಂಟ್ ರೋಡಿನ ಮೇಲೆ 1846ರಲ್ಲಿ, ಜಗನ್ನಾಥ ಶಂಕರಶೇಟರ ಉದ್ಯಮದ ಫಲವಾಗಿ, ಒಂದು ನಾಟ್ಯಗೃಹವು ಎದ್ದಿತು. ಆ ಕಟ್ಟಡ ಇಂದು ಉಳಿದಿಲ್ಲ. ಆದರೆ ಅದರ ರಂಗದ ಮೇಲೆ 1853ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರ ಮಂಡಳಿಯು ಆಡಿ ತೋರಿಸಿದ ಪೌರಾಣಿಕ ಆಟಗಳು ಎಬ್ಬಿಸಿದ ಪ್ರಶ್ನೆಯೊಂದು ಇನ್ನೂ ಉಳಿದಿದೆ. ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದ್ದಕ್ಕೆ ಕಾರಣವಾದುದು ಕನ್ನಡ ನಾಡಿನಿಂದ ಅಲ್ಲಿಗೆ ಹೋಗಿದ್ದ ಭಾಗವತರ ಮೇಳ. ಆ ಮೇಳದ ಆಟವನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು ಅದೇ ರೀತಿಯ ಆಟವನ್ನು ಮರಾಠಿಯಲ್ಲಿ ಕಟ್ಟಬೇಕೆಂದು ಭಾವೆಯವರಿಗೆ ಅಪ್ಪಣೆ ಕೊಟ್ಟರು. ಹಾಡಿ ನಡೆಸುವ ಸೂತ್ರಧಾರ, ಮೊದಲಿಗೆ ಗಣಪತಿ ಸರಸ್ವತಿಯರ ಪ್ರವೇಶ, ರಾಕ್ಷಸರ ಅಬ್ಬರ, ಇವೆಲ್ಲ ಭಾಗವತರ ಆಟದ ಅಂಗಗಳು. ನುಡಿ ಮಾತ್ರ ಮರಾಠಿ. ಹಾಗಾದರೆ ಆ ಆಟ ಯಾರದು? ಶಿರಸ್ಸನ್ನು ನೋಡಿದವರು ಮರಾಠಿಯದೆಂದರು. ಶರೀರವನ್ನು ನೋಡಿದವರು ಕನ್ನಡದ್ದೆಂದರು. ಇಬ್ಬರೂ ಕೊರಳಿನ ಸಂದನ್ನು ನೋಡಲಿಲ್ಲ.

ಈ ಪ್ರಶ್ನೆಗೆ ಇನ್ನೊಂದು ನೆಲೆಯುಂಟು. ಅದು ಗೊಂಬೆ ಮಾಡುವವರದು. ಭಾವೆಯವರು ಸ್ವತಃ ಗೊಂಬೆಗಳನ್ನೂ ಮಾಡಿದ್ದರು. ಕೀಲು ಸೂತ್ರಗಳಿಂದ ಆಡುವ ಅವರ ಮರದ ಗೊಂಬೆಗಳನ್ನು ಬಹುಕಾಲದ ಮೇಲೆ ಮುಂಬಯಿಯ ರಾಮದಾಸ ಪಾಧ್ಯೆಯವರು ಸರಿಪಡಿಸಿ ಮತ್ತೆ ಆಡಿಸಿದರು. ಒಬ್ಬನು ಕೆತ್ತಿದ್ದನ್ನು ಮತ್ತೊಬ್ಬನು ಜೋಡಿಸಿ ನಿಲ್ಲಿಸುವುದು ಗೊಂಬೆಯ ಲೋಕದಲ್ಲಿ ಅಪಚಾರವಲ್ಲ, ನಿತ್ಯವ್ಯವಹಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಥುರಿಂಗಿಯಾ ಪ್ರಾಂತದಲ್ಲಿ ಇದು ದೊಡ್ಡ ಉದ್ಯಮವೇ ಆಗಿದ್ದಿತು. ಸೈಮನ್ ಹಾಲ್ಬಿಗ್ ಎಂಬ ಕಾರ್ಖಾನೆಯವರು ಮೆರುಗಿಲ್ಲದ ಪಿಂಗಾಣಿಯಲ್ಲಿ ತಲೆಗಳನ್ನು ಮಾಡಿ ಬೇರೆ ಬೇರೆ ಕಾರ್ಖಾನೆಗಳಿಗೆ ಒದಗಿಸುತ್ತಿದ್ದರು. 1886ರಲ್ಲಿ ಸ್ಥಾಪಿತವಾದ ಕೆಮ್ಮರ್ ರೈನ್‌ಹಾರ್ಟ್ ಕಾರ್ಖಾನೆಯವರು ಆ ತಲೆಗಳಿಗೆ ತಮ್ಮ ಗುಂಡುಕೀಲಿನ ಒಡಲುಗಳನ್ನು ಕೂಡಿಸಿ ಮಾರುತ್ತಿದ್ದರು. ತಲೆಯ ಹಿಂಬದಿಯಲ್ಲಿ ಮುದ್ರೆಯಿರುತ್ತಿತ್ತು. ಆದುದರಿಂದ ಇಂದಿಗೂ ಸಂಗ್ರಾಹಕರು ಹಳೆಯ ಗೊಂಬೆಯನ್ನು ಕೈಗೆತ್ತಿಕೊಂಡೊಡನೆ ಕೂದಲನ್ನು ಸರಿಸಿ ಆ ಮುದ್ರೆಯನ್ನು ಅರಸುತ್ತಾರೆ. ಹುಂಡಿಗೆ ಸಹಿ ಹೇಗೋ ಗೊಂಬೆಗೆ ಆ ಮುದ್ರೆ ಹಾಗೆ: ಹೊಣೆಯೂ ಬೆಲೆಯೂ ಅದನ್ನೇ ಅನುಸರಿಸುತ್ತವೆ.

ಜಪಾನಿನ ಕ್ಯೋಟೋ ನಗರದ ವೋಕ್ಸ್ ಸಂಸ್ಥೆಯು 1999ರಲ್ಲಿ ಗುಂಡುಕೀಲಿನ ರೆಸಿನ್ ಗೊಂಬೆಗಳನ್ನು ಹೊರತಂದ ಮೇಲೆ ಈ ಪದ್ಧತಿಯು ಹೊಸ ರೂಪವನ್ನು ತಾಳಿತು. ಈಗ ಕೂಡಿಸುವವನು ಕಾರ್ಖಾನೆಯವನಲ್ಲ, ಕೊಂಡವನು. ಒಂದು ಸಂಸ್ಥೆಯ ತಲೆಯನ್ನೂ ಮತ್ತೊಂದರ ಒಡಲನ್ನೂ ತಂದು ಜೋಡಿಸುವವನು ಮೂರು ಸಂಗತಿಗಳನ್ನು ನೋಡಬೇಕಾಗುತ್ತದೆ. ಕೊರಳಿನ ಸುತ್ತಳತೆಯು ತಲೆಯ ಕುಳಿಗೆ ಒಪ್ಪಬೇಕು. ಇಲ್ಲವಾದರೆ ಒಳಗಿನ ರಬ್ಬರ್ ಎಳೆಯನ್ನು ಎಷ್ಟು ಬಿಗಿದರೂ ತಲೆ ಓಲಾಡುತ್ತದೆ. ಎರಡರ ಪ್ರಮಾಣವೂ ಹೊಂದಬೇಕು. ಬಣ್ಣವೂ ಕೂಡಬೇಕು, ಇದು ಎಲ್ಲಕ್ಕಿಂತ ಕಠಿನ. ಏಕೆಂದರೆ ರೆಸಿನ್ ಕಾಲಕ್ರಮದಲ್ಲಿ ಬೆಳಕಿಗೆ ಹಳದಿಗೂಡುತ್ತದೆ, ಒಬ್ಬನು ಎರೆದದ್ದು ಮತ್ತೊಬ್ಬನು ಎರೆದದ್ದರಂತೆಯೇ ಮಾಗುವುದಿಲ್ಲ. ಇಂದು ಒಪ್ಪಿದ ಜೋಡಿ ನಾಲ್ಕು ವರ್ಷಗಳ ಮೇಲೆ ಕೊರಳಿನಲ್ಲಿ ಬೇರೆಯಾಗಿ ಕಾಣಬಹುದು. ಇಷ್ಟಾದರೂ ಗೊಂಬೆಗೆ ಹೆಸರು ತಲೆಯಿಂದಲೇ. ಒಡಲನ್ನು ಬದಲಿಸಿದರೆ ಅದೇ ಗೊಂಬೆಗೆ ಹೊಸ ಒಡಲು ಬಂದಿತೆನ್ನುವರು. ತಲೆಯನ್ನು ಬದಲಿಸಿದರೆ ಗೊಂಬೆಯೇ ಬೇರೆಯಾಯಿತೆನ್ನುವರು.

ಈ ತೀರ್ಪು ಹೊಸದಲ್ಲ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಸೇರಿರುವ ಬೇತಾಳ ಕಥೆಗಳಲ್ಲಿ ಇದೇ ಪ್ರಶ್ನೆಯೂ ಇದೇ ಉತ್ತರವೂ ಇವೆ. ದೇವಿಯ ಗುಡಿಯಲ್ಲಿ ತಲೆಯನ್ನು ಕಡಿದುಕೊಂಡು ಬಿದ್ದ ಗಂಡನನ್ನೂ ಅಣ್ಣನನ್ನೂ ಬದುಕಿಸಿಕೊಳ್ಳುವ ಆತುರದಲ್ಲಿ ಮದನಸುಂದರಿಯು ಒಬ್ಬನ ತಲೆಯನ್ನು ಇನ್ನೊಬ್ಬನ ಒಡಲಿಗೆ ಕೂಡಿಸುತ್ತಾಳೆ. ಗಂಡನಾರೆಂದು ಬೇತಾಳನು ಕೇಳಿದರೆ, ಅಂಗಗಳಲ್ಲಿ ಶಿರಸ್ಸೇ ಪ್ರಧಾನವಾದುದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ದೊರೆಯು ನಿರ್ಣಯಿಸುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಮೂವರು ಮನೆಗೆ ಹೋಗಿ ಹೇಗೆ ಬಾಳಿದರೆಂಬುದು ಬೇತಾಳನಿಗೂ ಬೇಡ, ದೊರೆಗೂ ಬೇಡ. ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಪ್ರಕಟಿಸಿದ ‘ಅದಲುಬದಲಾದ ತಲೆಗಳು’ ಎಂಬ ನೀಳ್ಗತೆಯ ಹಿರಿಮೆಯೆಂದರೆ ಆ ತೀರ್ಪಿನ ಮರುದಿನದಿಂದ ಕಥೆಯನ್ನು ಮುಂದುವರಿಸಿದುದು. ಅಣ್ಣನಿದ್ದ ಸ್ಥಾನದಲ್ಲಿ ಗೆಳೆಯನನ್ನು ಇರಿಸಿ, ಕೂಡಿಸಿದ ಒಡಲನ್ನು ತಲೆಯು ಮೆಲ್ಲಮೆಲ್ಲನೆ ತನ್ನಂತೆ ಮಾಡಿಕೊಳ್ಳುವುದನ್ನು ಮಾನ್ ವಿವರಿಸಿದನು.

ಗಿರೀಶ ಕಾರ್ನಾಡರ ‘ಹಯವದನ’ವು 1971ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಅದಕ್ಕೆ ಮಾನ್‌ನ ಕಥೆಯ ಋಣವಿದೆಯೆಂಬುದನ್ನು ಕಾರ್ನಾಡರೇ ಮರೆಯಿಲ್ಲದೆ ಹೇಳಿದ್ದಾರೆ. ಕವಿಯೂ ಪಂಡಿತನೂ ಆದ ದೇವದತ್ತ, ಕಮ್ಮಾರನ ಮಗ ಕಪಿಲ, ಇಬ್ಬರ ನಡುವಿನ ಪದ್ಮಿನಿ, ಕಾಳಿಯ ಗುಡಿ, ತಲೆಗಳ ಅದಲುಬದಲು, ದೇವದತ್ತನ ತಲೆಯುಳ್ಳವನೇ ಗಂಡನೆಂಬ ಋಷಿಯ ತೀರ್ಪು, ಇಲ್ಲಿಯ ವರೆಗೆ ಕಥೆಯು ಪರಿಚಿತ ಮಾರ್ಗದಲ್ಲಿಯೇ ನಡೆಯುತ್ತದೆ. ಇದನ್ನೇ ಹಿಡಿದು ನಾಟಕದ ಶಿರಸ್ಸು ಜರ್ಮನಿಯದು, ಯಕ್ಷಗಾನದ ಒಡಲು ಕೇವಲ ಅಲಂಕಾರವೆಂದು ಆಕ್ಷೇಪಿಸಲು ಅವಕಾಶವುಂಟು. ಈ ಆಕ್ಷೇಪಣೆಯ ಹಿಂದೆ ಇರುವುದೂ ಶಿರಸ್ಸೇ ಪ್ರಧಾನವೆಂಬ ದೊರೆಯ ತತ್ತ್ವವೇ ಎಂಬುದನ್ನು ಗಮನಿಸಬೇಕು. ವಸ್ತು ಯಾರದೋ ಕೃತಿಯೂ ಅವರದೇ ಎನ್ನುವವನು, ಗೊಂಬೆಯ ಕೂದಲನ್ನು ಸರಿಸಿ ಮುದ್ರೆಯನ್ನು ಓದಿ ಪರೀಕ್ಷೆ ಮುಗಿಯಿತೆನ್ನುವ ಸಂಗ್ರಾಹಕನಂತೆ.

ಈ ಆಕ್ಷೇಪಣೆಗೆ ನಾಟಕವೇ ಉತ್ತರ ಕೊಡುತ್ತದೆ. ಕೊಡುವವರು ಎರಡನೆಯ ಅಂಕದ ಎರಡು ಗೊಂಬೆಗಳು. ಉಜ್ಜಯಿನಿಯ ಜಾತ್ರೆಯಿಂದ ದೇವದತ್ತನು ಮಗುವಿಗಾಗಿ ತಂದ ಗೊಂಬೆಗಳಿವು. ಮಾನ್‌ನಲ್ಲಿ ನಿರೂಪಕನು ಒಡಲಿನ ಬದಲಾವಣೆಯನ್ನು ಬುದ್ಧಿವಂತಿಕೆಯಿಂದ ವಿವರಿಸುವ ಸ್ಥಳದಲ್ಲಿ ಕಾರ್ನಾಡರ ಗೊಂಬೆಗಳು ತಮ್ಮ ಮೈಗೆ ತಾಕಿದ್ದನ್ನು ಹೇಳುತ್ತವೆ. ತಂದಾಗ ಒರಟಾಗಿದ್ದ ಅಂಗೈಗಳು ಈಗ ಮೆತ್ತಗಾಗಿವೆಯೆಂಬ ಅವುಗಳ ಮಾತಿನಿಂದ, ಕಪಿಲನ ಒಡಲು ದೇವದತ್ತನ ತಲೆಗೆ ಸೋತುಹೋದುದು ಪ್ರೇಕ್ಷಕರಿಗೆ ಪದ್ಮಿನಿಯು ಬಾಯಿಬಿಡುವ ಮೊದಲೇ ತಿಳಿಯುತ್ತದೆ. ಅವಳ ಕನಸಿನಲ್ಲಿ ಸುಳಿಯುವವನನ್ನೂ ಅವು ಬಲ್ಲವು. ಇದು ಓದುವ ಕಥೆಗೆ ಅಸಾಧ್ಯವಾದ, ರಂಗಕ್ಕೆ ಮಾತ್ರ ಸಾಧ್ಯವಾದ ಸಾಕ್ಷ್ಯ. ಒಡಲಿನ ವಿಷಯದಲ್ಲಿ ಸಾಕ್ಷಿ ನುಡಿಯಲು ಒಡಲೇ ಆಗಿರುವ ವಸ್ತುವನ್ನು ಕರೆತಂದುದು ಕಾರ್ನಾಡರ ಸ್ವಂತ ಕೆಲಸ; ಕರೆತರಲು ದಾರಿ ಮಾಡಿದುದು ಭಾಗವತ, ಅರೆತೆರೆ, ಮುಖವಾಡಗಳ ರಂಗಪದ್ಧತಿ. ಗೊಂಬೆ ಮಾತನಾಡಿದರೆ ಅಚ್ಚರಿಪಡದ ರಂಗವಿಲ್ಲದೆ ಈ ದೃಶ್ಯಕ್ಕೆ ನೆಲೆಯೇ ಇಲ್ಲ. ಆದುದರಿಂದ ಇಲ್ಲಿ ಒಡಲು ಅಲಂಕಾರವಲ್ಲ. ತಲೆಯು ತಾನಾಗಿ ಕಾಣಲಾರದುದನ್ನು ಒಡಲು ಕಂಡಿದೆ.

ಇನ್ನೊಂದು ಅಂಶವನ್ನೂ ಹೇಳಬೇಕು. ತಲೆಯ ದೊರೆತನವನ್ನು ನಾಟಕವು ಪೂರ್ಣವಾಗಿ ಒಪ್ಪುವುದೂ ಇಲ್ಲ. ಕಾಡಿನಲ್ಲಿ ಕಪಿಲನು ದೇವದತ್ತನ ಸುಕುಮಾರ ಒಡಲನ್ನು ದುಡಿಸಿ ದುಡಿಸಿ ಮಣಿಸಿಕೊಂಡಿದ್ದಾನೆ. ಆದರೂ ಆ ಒಡಲಿಗೆ ತನ್ನವೇ ಆದ ನೆನಪುಗಳಿದ್ದು, ಅವುಗಳಿಗೆ ಹೆಸರಿಡಲು ತನ್ನ ತಲೆಗೆ ಸಾಧ್ಯವಿಲ್ಲವೆಂಬುದೇ ಅವನ ಯಾತನೆ. ಋಷಿಯ ತೀರ್ಪಿನಲ್ಲಿ ಈ ನೆನಪುಗಳಿಗೆ ಸ್ಥಾನವಿರಲಿಲ್ಲ. ಬೇರೊಬ್ಬ ಕರ್ತೃವಿನಿಂದ ಬಂದ ಅಂಗವು ಸೇವಕನಂತೆ ಬರುವುದಿಲ್ಲ, ತನ್ನ ಚರಿತ್ರೆಯನ್ನು ಹೊತ್ತೇ ಬರುತ್ತದೆಂಬ ಈ ಅರಿವು ‘ಹಯವದನ’ದ ತಿರುಳು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚುವುದು ವಿಮರ್ಶೆಯಾಗದು. ನಾಟಕದ ಕೊರಳಿನಲ್ಲಿ ಎರಡು ಕಡೆ ಸಂದು ಕಾಣುತ್ತದೆ. ಮೊದಲನೆಯದು, ಕುದುರೆಯ ತಲೆ ಮನುಷ್ಯನ ಒಡಲುಗಳ ಹಯವದನನ ಪ್ರಸಂಗ. ಗಜಮುಖನ ಸ್ತುತಿಯಿಂದ ಆರಂಭಿಸಿ, ಅಂಗಗಳು ಹೊಂದದೆಯೂ ಪರಿಪೂರ್ಣನಾದ ದೇವರನ್ನು ಮೊದಲೇ ತಂದು ನಿಲ್ಲಿಸಿ, ಪೂರ್ಣತೆಗಾಗಿ ಹಂಬಲಿಸುವ ಹಯವದನನನ್ನು ಅದರ ಎದುರಿಗಿಟ್ಟುದು ಉಚಿತವೇ ಆಗಿದೆ. ಆದರೆ ಈ ಪ್ರಸಂಗದ ನಗೆಯ ಬಣ್ಣವೂ ಪದ್ಮಿನಿಯ ಕಥೆಯ ಬಣ್ಣವೂ ಕೊನೆಯ ವರೆಗೆ ಬೇರೆಬೇರೆಯಾಗಿಯೇ ಮಾಗುತ್ತವೆ. ಹಯವದನನ ಮಾತುಗಳು ತಮ್ಮ ಕಾಲದ ವಿಡಂಬನೆಗೆ ಹೆಚ್ಚು ಕಟ್ಟುಬಿದ್ದಿರುವುದೇ ಇದಕ್ಕೆ ಕಾರಣ.

ಎರಡನೆಯ ದೋಷವು ಇದಕ್ಕಿಂತ ಗಂಭೀರವಾದುದು. ಈ ನಾಟಕದಲ್ಲಿ ಕೂಡಿಸುವವಳು ಪದ್ಮಿನಿ. ಕಾಳಿಯು ಪ್ರಾಣವನ್ನು ಕೊಟ್ಟಳಷ್ಟೆ. ತಲೆಗಳನ್ನು ಒಡಲುಗಳ ಮೇಲೆ ಇರಿಸಿದ ಕೈ ಪದ್ಮಿನಿಯದು. ಪ್ರಮಾದವೋ ಬಯಕೆಯೋ, ಆ ಹೊಸ ಮನುಷ್ಯನ ಕರ್ತೃ ಅವಳೇ. ಆದರೆ ವಾದವು ನಡೆಯುವಾಗ ಅದು ದೇವದತ್ತ ಕಪಿಲರ ಹಕ್ಕಿನ ವಾದವಾಗುತ್ತದೆಯೇ ಹೊರತು, ಕೂಡಿಸಿದವಳಿಗೆ ಏನು ಸಲ್ಲಬೇಕೆಂದು ಯಾರೂ ಕೇಳುವುದಿಲ್ಲ. ಗಂಡಸರಿಬ್ಬರೂ ಕಾದಾಡಿ ಸಾಯುತ್ತಾರೆ, ಅವಳು ಚಿತೆಯನ್ನೇರುತ್ತಾಳೆ. ಸೋಮದೇವನಲ್ಲಿಯೂ ಮಾನ್‌ನಲ್ಲಿಯೂ ಇಲ್ಲದ ಧೈರ್ಯವನ್ನು ಅವಳ ಮಾತಿಗೆ ಕೊಟ್ಟ ಕಾರ್ನಾಡರು ಅವಳ ಅಂತ್ಯವನ್ನು ಮಾತ್ರ ಹಳೆಯ ಅಚ್ಚಿನಲ್ಲಿಯೇ ಎರೆದಿದ್ದಾರೆ. ಈ ಅಂತ್ಯದಲ್ಲಿ ವ್ಯಂಗ್ಯವಿದೆಯೆಂದು ಸಮರ್ಥಿಸಬಹುದು, ಇದೆ. ಆದರೂ ಆ ವ್ಯಂಗ್ಯವು ಅವಳ ಧೈರ್ಯದ ಅಳತೆಗೆ ನಿಲ್ಲುವುದಿಲ್ಲ.

ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬುವವು ಮತ್ತೆ ಗೊಂಬೆಗಳೇ. ಕಡೆಯಲ್ಲಿ ನಗದ, ಮಾತನಾಡದ ಹುಡುಗನೊಬ್ಬನು ಎರಡು ಗೊಂಬೆಗಳನ್ನು ಎದೆಗವಚಿಕೊಂಡು ರಂಗಕ್ಕೆ ಬರುತ್ತಾನೆ. ಅವನ ತಂದೆ ಯಾರೆಂಬುದಕ್ಕೆ ತಲೆಯ ಶಾಸ್ತ್ರ ಒಂದು ಉತ್ತರ ಕೊಡುತ್ತದೆ, ಒಡಲಿನ ಶಾಸ್ತ್ರ ಇನ್ನೊಂದು ಉತ್ತರ ಕೊಡುತ್ತದೆ. ಅವನನ್ನು ನಗಿಸುವುದು ಈ ಉತ್ತರಗಳಲ್ಲ. ಪೂರ್ತಿ ಕುದುರೆಯಾಗಿಯೂ ಮನುಷ್ಯನ ದನಿಯನ್ನು ಕಳೆದುಕೊಳ್ಳದೆ ಬಂದ ಹಯವದನ. ಹುಡುಗನು ನಗುತ್ತಾನೆ, ಹಯವದನನ ದನಿಯು ಕೆನೆತವಾಗುತ್ತದೆ. ವಂಶ ಯಾವುದೆಂಬ ವಿಚಾರಣೆ ನಿಂತು, ಬದುಕು ಮುಂದುವರಿಯುವುದು ಅಲ್ಲಿ.

ಈ ಕೃತಿಯ ಮುಂದಿನ ಸಂಚಾರವೂ ಪ್ರಕೃತಕ್ಕೆ ಪೋಷಕವಾಗಿದೆ. 1970ರ ದಶಕದ ಆರಂಭದಲ್ಲಿ ಸತ್ಯದೇವ ದುಬೆಯವರು ಅದನ್ನು ಹಿಂದಿಯಲ್ಲಿ ಮುಂಬಯಿಯ ರಂಗಕ್ಕೆ ತಂದರು. ವಿಜಯಾ ಮೆಹತಾ ಅವರು 1984ರಲ್ಲಿ ವೈಮಾರ್ ನಗರದಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ಆಡಿಸಿದರು. ವೈಮಾರ್ ಗಯಟೆಯ ಊರು. ಭಾರತದಿಂದ ಹೋದ ತಲೆ ಅದಲುಬದಲಾದ ಇನ್ನೊಂದು ಐತಿಹ್ಯವನ್ನು ಅವನೂ 1820ರ ದಶಕದಲ್ಲಿ ಕವಿತೆಯಾಗಿಸಿದ್ದನು. ಕೊಂಕಣಿ ಮನೆಮಾತಿನ, ಕನ್ನಡದಲ್ಲಿ ಬರೆದ ನಾಟಕಕಾರ, ಸಂಸ್ಕೃತದ ಬೀಜ, ಜರ್ಮನಿಯಲ್ಲಿ ಬೆಳೆದು ಮರಳಿದ ಕಥೆ, ಕರಾವಳಿಯ ರಂಗವಿಧಾನ, ಮರಾಠಿ ನಿರ್ದೇಶಕಿಯ ಕೈಯಲ್ಲಿ ಮತ್ತೆ ಜರ್ಮನ್ ನಟರ ಬಾಯಿ. ಇದರಲ್ಲಿ ಯಾವುದನ್ನು ತಲೆಯೆನ್ನಬೇಕು, ಯಾವುದನ್ನು ಒಡಲೆನ್ನಬೇಕು?

ಗ್ರಾಂಟ್ ರೋಡಿನ ಆ ಆಟದ ಬಗೆಗೂ ಇದೇ ಮಾತು. ಭಾವೆಯವರ ಶ್ರೇಯಸ್ಸನ್ನು ಕನ್ನಡಕ್ಕೆ ಎಳೆದುಕೊಳ್ಳುವ ವಾದವಾಗಲಿ, ಭಾಗವತರ ಋಣವನ್ನು ಅಡಿಟಿಪ್ಪಣಿಗೆ ತಳ್ಳುವ ವಾದವಾಗಲಿ ಆ ಆಟವನ್ನು ವಿವರಿಸಲಾರದು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬಂತೆ ಬಾಳುವ ಮುಂಬಯಿಯ ಕನ್ನಡಿಗರಿಗೆ ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಅವರ ಮಕ್ಕಳು ಬರೆಯುವ ಕೃತಿಗಳನ್ನು ಯಾವ ಅಳತೆಯಿಂದ ನೋಡಬೇಕೆಂಬ ಪ್ರಶ್ನೆ. ಅಂಗಗಳನ್ನು ಎಲ್ಲಿಂದ ತಂದರೆಂಬುದನ್ನು ಸಂಶೋಧಕನು ಪ್ರಾಮಾಣಿಕವಾಗಿ ಗುರುತಿಸಲಿ. ಮುದ್ರೆಯನ್ನು ಓದುವುದು ಅವನ ಕರ್ತವ್ಯವೇ ಸರಿ. ಆ ಕೆಲಸ ಮುಗಿದ ಮೇಲೆ ವಿಮರ್ಶಕನ ಕೆಲಸ ಮೊದಲಾಗುತ್ತದೆ: ಕೊರಳು ಕುಳಿಗೆ ಒಪ್ಪಿದೆಯೇ, ಎಳೆ ಬಿಗಿಯಾಗಿದೆಯೇ, ಕಾಲ ಕಳೆದಂತೆ ಬಣ್ಣಗಳು ಕೂಡಿ ಮಾಗಿವೆಯೇ ಎಂದು ನೋಡುವುದು. ಈ ಪರೀಕ್ಷೆಯಲ್ಲಿ ‘ಹಯವದನ’ವು ಕೆಲವೆಡೆ ಓಲಾಡಿದರೂ ನಿಂತಿದೆ.